ಬಾಡಿಗೆ ಕೋಣೆ ಮತ್ತು ಬಂದವನ ಹೆಸರು

ಮನೆಯಲ್ಲೊಂದು ಕೋಣೆ ಖಾಲಿ ಇದೆ. ಮಕ್ಕಳು ದೂರದ ಊರು ಸೇರಿರಬಹುದು, ಯಜಮಾನ ತೀರಿಕೊಂಡಿರಬಹುದು. ಅದನ್ನು ಬಾಡಿಗೆಗೆ ಕೊಟ್ಟರೆ ತಿಂಗಳ ಖರ್ಚಿಗೊಂದು ಆಧಾರ. ಇದು ವ್ಯವಹಾರ, ನಿಜ. ಆದರೆ ಬಾಡಿಗೆಗೆ ಬಂದವನು ನಮ್ಮದೇ ಬಾಗಿಲಿನಿಂದ ಒಳಬರುತ್ತಾನೆ, ನಮ್ಮ ಒಲೆಯ ಮೇಲೆ ಬೆಂದದ್ದನ್ನೇ ಉಣ್ಣುತ್ತಾನೆ. ಆದ್ದರಿಂದಲೇ ಅಂಗಡಿಯಲ್ಲಿ, ಕಚೇರಿಯಲ್ಲಿ ಅಡಗಿರುವ ಪೂರ್ವಗ್ರಹಗಳು ಈ ಹೊಸ್ತಿಲಲ್ಲಿ ಹೊರಬೀಳುತ್ತವೆ.

1888ರಲ್ಲಿ ಕಾನೂನು ಓದಲು ಲಂಡನ್ನಿಗೆ ಹೋದ ಮೋಹನದಾಸ ಗಾಂಧಿಯವರಿಗೆ ಹೋಟೆಲ್ ವಾಸ ದುಬಾರಿಯಾಯಿತು. ಆಂಗ್ಲರ ರೀತಿನೀತಿ ಕಲಿಯಬೇಕಾದರೆ ಕುಟುಂಬವೊಂದರ ಜೊತೆ ಇರಬೇಕೆಂದು ಡಾ. ಪ್ರಾಣಜೀವನ ಮೆಹ್ತಾ ಸಲಹೆ ನೀಡಿದರು. ವೆಸ್ಟ್ ಕೆನ್ಸಿಂಗ್ಟನ್ನಿನ ವಿಧವೆಯೊಬ್ಬರ ಮನೆಯಲ್ಲಿ ಜಾಗ ಸಿಕ್ಕಿತು. ಮಾಂಸ ಮುಟ್ಟುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟು ಬಂದ ಹುಡುಗನಿಗೆ ಏನು ಬಡಿಸುವುದೆಂದು ಮನೆಯೊಡತಿಗೆ ಚಿಂತೆ. ಹುಡುಗನಿಗೆ ಹಸಿವು, ಆದರೆ ಕೇಳಲು ಸಂಕೋಚ. ಆಕೆಯ ಇಬ್ಬರು ಹೆಣ್ಣುಮಕ್ಕಳು ಒಂದೆರಡು ತುಂಡು ಬ್ರೆಡ್ ಹೆಚ್ಚಾಗಿ ಕೊಡುತ್ತಿದ್ದುದನ್ನು ಗಾಂಧೀಜಿ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಅಲ್ಲಿ ಆಹಾರ ಒಂದು ಸಮಸ್ಯೆಯಾಯಿತೇ ಹೊರತು ಕೋಣೆ ನಿರಾಕರಿಸಲು ಕಾರಣವಾಗಲಿಲ್ಲ.

ಇನ್ನೊಂದು ಅನುಭವ ನಮ್ಮದೇ ನೆಲದ್ದು. ಅಮೆರಿಕ, ಇಂಗ್ಲೆಂಡ್‌ಗಳಲ್ಲಿ ಓದಿದ ಡಾ. ಅಂಬೇಡ್ಕರ್ 1917ರಲ್ಲಿ ಬರೋಡಾ ಸಂಸ್ಥಾನದ ಉದ್ಯೋಗಕ್ಕೆ ಬಂದರು. ಹಿಂದೂ ವಸತಿಗೃಹಗಳಲ್ಲಿ ಅಸ್ಪೃಶ್ಯರಿಗೆ ಜಾಗವಿರಲಿಲ್ಲ. ಕೊನೆಗೆ ದಿನಕ್ಕೆ ಒಂದೂವರೆ ರೂಪಾಯಿಗೆ ಪಾರ್ಸಿ ವಸತಿಗೃಹವೊಂದರಲ್ಲಿ, ರಿಜಿಸ್ಟರಿನಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದರು. ಹನ್ನೊಂದನೇ ದಿನ ದೊಣ್ಣೆ ಹಿಡಿದ ಗುಂಪೊಂದು ಬಂದು ಸಂಜೆಯೊಳಗೆ ಖಾಲಿ ಮಾಡುವಂತೆ ಬೆದರಿಸಿತು. ಇಬ್ಬರು ಗೆಳೆಯರ ಬಳಿ ಆಶ್ರಯ ಕೇಳಿದರು. ನೀವು ಬಂದರೆ ಆಳುಗಳು ಬಿಟ್ಟುಹೋಗುತ್ತಾರೆ ಎಂದರು ಹಿಂದೂ ಗೆಳೆಯ. ಹೆಂಡತಿಯನ್ನು ಕೇಳಬೇಕು ಎಂದರು ಕ್ರೈಸ್ತ ಗೆಳೆಯ. ಸಾರ್ವಜನಿಕ ಉದ್ಯಾನದಲ್ಲಿ ಹೊತ್ತು ಕಳೆದು ಅವರು ರಾತ್ರಿಯ ರೈಲು ಹಿಡಿದು ಮುಂಬಯಿಗೆ ಮರಳಿದರು. 'ವೇಟಿಂಗ್ ಫಾರ್ ಎ ವೀಸಾ' ಎಂಬ ಬರಹದಲ್ಲಿ ಅವರೇ ಇದನ್ನು ದಾಖಲಿಸಿದ್ದಾರೆ. ಅದೇ ಅಂಬೇಡ್ಕರರಿಗೆ 1921-22ರಲ್ಲಿ ಲಂಡನ್ನಿನ ಕಿಂಗ್ ಹೆನ್ರೀಸ್ ರಸ್ತೆಯ 10ನೇ ನಂಬರಿನ ಮನೆಯಲ್ಲಿ ಬಾಡಿಗೆಗೆ ಜಾಗ ದೊರೆಯಿತು. ಆ ಮನೆಯನ್ನು 2015ರಲ್ಲಿ ಮಹಾರಾಷ್ಟ್ರ ಸರಕಾರ ಖರೀದಿಸಿ ಸ್ಮಾರಕವಾಗಿಸಿತು.

ಹಾಗೆಂದು ಲಂಡನ್ನನ್ನು ಆದರ್ಶವೆಂದು ಭಾವಿಸಬೇಕಾಗಿಲ್ಲ. ಎರಡನೇ ಮಹಾಯುದ್ಧದ ನಂತರ ಕೆರಿಬಿಯನ್ ದ್ವೀಪಗಳಿಂದ, ಭಾರತ ಮತ್ತು ಪಾಕಿಸ್ತಾನಗಳಿಂದ ದುಡಿಯಲು ಬಂದವರಿಗೆ ಅಲ್ಲಿನ ಅನೇಕ ಮನೆಗಳ ಬಾಗಿಲು ಮುಚ್ಚಿತು. ಕರಿಯರಿಗೆ ಕೋಣೆ ಇಲ್ಲ ಎಂದು ಜಾಹೀರಾತುಗಳಲ್ಲೇ ಬರೆಯುತ್ತಿದ್ದರು. 1965ರ ಜನಾಂಗೀಯ ಸಂಬಂಧಗಳ ಕಾಯ್ದೆ ವಸತಿಯನ್ನು ಮುಟ್ಟಲಿಲ್ಲ. 1968ರ ಕಾಯ್ದೆ ಮುಟ್ಟಿತು, ಆದರೆ ಮಾಲೀಕನೇ ವಾಸವಿದ್ದು ಕೆಲವೇ ಬಾಡಿಗೆದಾರರನ್ನು ಇಟ್ಟುಕೊಳ್ಳುವ ಮನೆಗಳಿಗೆ ವಿನಾಯಿತಿ ಕೊಟ್ಟಿತು. ಜನಾಂಗದ ಮಟ್ಟಿಗೆ ಆ ವಿನಾಯಿತಿಯನ್ನು ತೆಗೆಯಲು 2003ರವರೆಗೆ ಕಾಯಬೇಕಾಯಿತು. ಮನೆಯ ಒಳಕೋಣೆಗೆ ಕಾಲಿಡಲು ಕಾನೂನೂ ಹಿಂಜರಿಯುತ್ತದೆ.

ನಮ್ಮ ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲ್, ಬಾವಿ, ಕೆರೆ, ರಸ್ತೆಗಳಲ್ಲಿ ಧರ್ಮ, ಜಾತಿಗಳ ತಾರತಮ್ಯ ಕೂಡದೆನ್ನುತ್ತದೆ. ಬಾಡಿಗೆ ಮನೆಯ ಹೆಸರನ್ನು ಅದು ಹೇಳುವುದಿಲ್ಲ. ಅಸ್ಪೃಶ್ಯತೆಯ ಕಾರಣಕ್ಕೆ ವಾಸಕ್ಕೆ ಅಡ್ಡಿಪಡಿಸುವುದು 1955ರ ಕಾಯ್ದೆಯಂತೆ ಅಪರಾಧ. ಆದರೆ ಧರ್ಮದ ಕಾರಣಕ್ಕೆ ಕೋಣೆ ನಿರಾಕರಿಸುವ ಖಾಸಗಿ ಮಾಲೀಕನನ್ನು ಪ್ರಶ್ನಿಸುವ ಅಂಥ ಕೇಂದ್ರ ಕಾನೂನು ನಮ್ಮಲ್ಲಿಲ್ಲ. ಬೆಂಗಳೂರಿನಲ್ಲಿ ಮನೆ ಹುಡುಕಿದ ಮುಸ್ಲಿಮ್ ಯುವಕ-ಯುವತಿಯರನ್ನು ಕೇಳಿ ನೋಡಿ. ಫೋನಿನಲ್ಲಿ ಅಡ್ವಾನ್ಸ್ ಮೊತ್ತದವರೆಗೆ ಬಂದ ಮಾತು ಹೆಸರು ಹೇಳಿದೊಡನೆ ನಿಲ್ಲುತ್ತದೆ. "ಈಗಷ್ಟೇ ಬೇರೆಯವರಿಗೆ ಕೊಟ್ಟೆವು" ಎನ್ನುತ್ತಾರೆ, ಇಲ್ಲವೇ "ನೀವು ವೆಜ್ಜಾ, ನಾನ್‌ವೆಜ್ಜಾ?" ಎಂದು ಕೇಳುತ್ತಾರೆ.

ಯಾರನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಕೆಂಬ ಎಚ್ಚರ ಮಾಲೀಕನಿಗೆ ಸಹಜ. ಬಂದವನ ನಡತೆ, ಉದ್ಯೋಗ ವಿಚಾರಿಸುವುದರಲ್ಲಿ ತಪ್ಪಿಲ್ಲ. ಹೆಸರು ಕೇಳಿದ ಮೇಲೆ ಇವಾವುದನ್ನೂ ವಿಚಾರಿಸದಿರುವುದು ತಪ್ಪು. ಈ ಮಾತು ಮುಸ್ಲಿಮ್ ಮಾಲೀಕರಿಗೂ ಅನ್ವಯಿಸುತ್ತದೆ. ದಲಿತನೋ ಅನ್ಯಧರ್ಮೀಯನೋ ಕೋಣೆ ಕೇಳಿ ಬಂದಾಗ ನಮ್ಮ ಬಾಗಿಲು ಎಷ್ಟು ತೆರೆಯುತ್ತದೆ? ಬರೋಡಾದಲ್ಲಿ ಒಬ್ಬ ವಿದ್ವಾಂಸ ಸುಳ್ಳು ಹೆಸರು ಬರೆಸಬೇಕಾಗಿ ಬಂದು ನೂರು ವರ್ಷ ದಾಟಿದೆ. ಇಂದು ನಮ್ಮ ಗೇಟಿನ ಮುಂದೆ ನಿಂತವನು ತನ್ನ ನಿಜವಾದ ಹೆಸರನ್ನು ಅಳುಕಿಲ್ಲದೆ ಹೇಳುವಂತಿರಬೇಕು.