ಮಸ್ಕಿಯ ಬಂಡೆ, ಅಶೋಕನ ಅಡುಗೆಮನೆ ಮತ್ತು ಶರಣರ ದಯೆ



ಶ್ರೀಮಠದಲ್ಲಿ ಪ್ರತಿ ತಿಂಗಳು ನಡೆಯುವ ಶಿವಾನುಭವ ಗೋಷ್ಠಿಯಲ್ಲಿ ಈಚೆಗೆ ಬಸವಣ್ಣನವರ ದಯೆಯ ವಚನವನ್ನು ಕುರಿತು ಚಿಂತನ ನಡೆಯಿತು. ಗೋಷ್ಠಿ ಮುಗಿದು ದಾಸೋಹದ ಪಂಕ್ತಿಯಲ್ಲಿ ಕುಳಿತಾಗ, ಸಿಂಧನೂರು ಕಡೆಯಿಂದ ಬಂದಿದ್ದ ಒಬ್ಬ ನಿವೃತ್ತ ಶಿಕ್ಷಕರು ಮೆಲ್ಲನೆ ಕೇಳಿದರು: "ಇರುವಿ ಗೂಡಿಗೆ ಸಕ್ಕರಿ ಹಾಕಾವ್ರು ನಮ್ಮೂರಾಗ ಭಾಳ ಮಂದಿ ಅದಾರ್ರಿ. ಅವ್ರ ಮನಿ ಮುಂದ ಕೇರಿ ಹುಡುಗ ನಿಂತು ನೀರು ಕೇಳಿದ್ರ ಮ್ಯಾಲಿಂದ ಹೊಯ್ತಾರ. ಇದು ದಯಾನೋ, ಬ್ಯಾರೆ ಏನರೆ ಐತೋ, ನೀವ ಹೇಳ್ರಿ."

ಆ ಹೊತ್ತಿಗೆ ನನಗೆ ಉತ್ತರ ತೋಚಲಿಲ್ಲ. ನಾನು ಹುಟ್ಟಿನಿಂದ ಶಾಕಾಹಾರಿ. ನಮ್ಮ ಪರಂಪರೆಯೂ ಅದೇ. ಪ್ರಾಣಿಯ ನೋವಿಗೆ ಕರಗುವ ನಮ್ಮಲ್ಲಿ ಕೆಲವರು ಮನುಷ್ಯನ ನೋವಿಗೆ ಅಷ್ಟೇ ಕರಗುವುದಿಲ್ಲವೆಂಬ ಮಾತು ನನ್ನನ್ನೂ ಸೇರಿಸಿಯೇ ಆಡಿದ ಮಾತು. ಆದ್ದರಿಂದ ಇದನ್ನು ಆಕ್ಷೇಪವೆಂದು ತಳ್ಳಿಹಾಕದೆ, ಇತಿಹಾಸದ ಬೆಳಕಿನಲ್ಲಿ ಪರಿಶೀಲಿಸುವುದು ಯುಕ್ತವೆಂದು ತೋರಿತು. ಅದಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ಸೀಮೆಯ ಬಂಡೆಗಲ್ಲಿನಿಂದಲೇ ಆರಂಭಿಸಬಹುದು.

ಮಸ್ಕಿಯ ಅಶೋಕ ಶಾಸನ ಬೆಳಕಿಗೆ ಬಂದದ್ದು 1915ರಲ್ಲಿ. ಅಂದು ಅದು ನಿಜಾಮ್ ಸಂಸ್ಥಾನದ ಲಿಂಗಸುಗೂರು ಸೀಮೆ. ಚಿನ್ನದ ಅದಿರನ್ನು ಅರಸುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಈ ಬರಹವನ್ನು ಕಂಡರು, ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಅಲ್ಲಿಯವರೆಗೆ ದೊರೆತ ಶಾಸನಗಳಲ್ಲಿ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳಷ್ಟೇ ಇದ್ದವು. ಅಶೋಕನೆಂಬ ಹೆಸರನ್ನು ಮೊದಲು ತೋರಿಸಿಕೊಟ್ಟದ್ದು ಮಸ್ಕಿಯ ಬಂಡೆ. ಧರ್ಮದ ಗುರಿ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಧರ್ಮನಿಷ್ಠನಾದ ಸಣ್ಣವನಿಗೂ ಅದು ಎಟಕುತ್ತದೆ ಎಂಬುದು ಅದರ ಸಾರಾಂಶ. ಶರಣರ ಮಾತನ್ನು ಬಲ್ಲವರಿಗೆ ಈ ಆಶಯ ಅಪರಿಚಿತವೇನಲ್ಲ.

ಪ್ರಾಣಿದಯೆಯ ವಿಚಾರಕ್ಕೆ ಮಸ್ಕಿಯ ಶಾಸನದ ಜೊತೆಗೆ ಅದೇ ಅರಸನ ಬೇರೆ ಶಾಸನಗಳನ್ನೂ ಓದಬೇಕು. ಅವುಗಳಲ್ಲಿ ಹದಿನಾಲ್ಕು ಪ್ರಧಾನ ಬಂಡೆಶಾಸನಗಳ ಪ್ರತಿ ನೆರೆಯ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿದೆ. ಮೊದಲನೆಯ ಶಾಸನದಲ್ಲಿ ಅಶೋಕನು ತನ್ನ ಅಡುಗೆಮನೆಯ ಲೆಕ್ಕವನ್ನೇ ಒಪ್ಪಿಸುತ್ತಾನೆ. ಹಿಂದೆ ಅಲ್ಲಿ ದಿನಕ್ಕೆ ಲಕ್ಷಗಟ್ಟಲೆ ಪ್ರಾಣಿಗಳ ವಧೆಯಾಗುತ್ತಿತ್ತು; ಈಗ ಎರಡು ನವಿಲು, ಒಂದು ಜಿಂಕೆ ಮಾತ್ರ; ಜಿಂಕೆಯೂ ನಿತ್ಯವಲ್ಲ; ಮುಂದೆ ಈ ಮೂರೂ ನಿಲ್ಲುತ್ತವೆ ಎಂಬುದು ಅದರ ತಾತ್ಪರ್ಯ. ಅದೇ ಶಾಸನದಲ್ಲಿ ಬಲಿಯ ನಿಷೇಧವೂ ಉಂಟು. ಆದರೆ ನಿಷೇಧಿಸಿದ ಅರಸ ತನ್ನ ಒಲೆಯನ್ನು ಹೊರಗಿಡಲಿಲ್ಲವೆಂಬುದು ಗಮನಾರ್ಹ. ಎರಡನೆಯ ಶಾಸನದಲ್ಲಿ ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆಯ ಏರ್ಪಾಡು, ದಾರಿಯುದ್ದಕ್ಕೂ ಬಾವಿ ಮತ್ತು ಮರಗಳ ಪ್ರಸ್ತಾಪವಿದೆ. ಅಲ್ಲಿ ಮನುಷ್ಯ ಮತ್ತು ಪ್ರಾಣಿ ಎಂಬ ಎರಡು ಪದಗಳೂ ಒಂದೇ ಉಸಿರಿನಲ್ಲಿ ಬರುತ್ತವೆ; ಒಂದನ್ನು ಮೇಲಕ್ಕಿಟ್ಟು ಇನ್ನೊಂದನ್ನು ಕೆಳಗಿಟ್ಟಿಲ್ಲ.

ಆದರೆ ಇತಿಹಾಸ ಇಷ್ಟಕ್ಕೇ ಮುಗಿಯುವುದಿಲ್ಲ. ಉತ್ತರ ಭಾರತದ ಸ್ತಂಭಗಳ ಮೇಲೆ, ಪಟ್ಟಾಭಿಷೇಕವಾಗಿ 26 ವರ್ಷ ಕಳೆದ ನಂತರ ಬರೆಸಿದ ಶಾಸನಗಳಿವೆ. ಅವುಗಳಲ್ಲಿ ಐದನೆಯದು ಕೊಲ್ಲಬಾರದ ಜೀವಿಗಳ ಉದ್ದನೆಯ ಪಟ್ಟಿ: ಗಿಳಿ, ಬಾವಲಿ, ಆಮೆ, ಮುಳ್ಳುಹಂದಿ, ಕೊನೆಗೆ ರಾಣಿ ಇರುವೆಯೂ ಅದರಲ್ಲುಂಟು. ಅದೇ ವರ್ಷದ ನಾಲ್ಕನೆಯ ಶಾಸನವು ಮರಣದಂಡನೆಗೆ ಗುರಿಯಾದ ಮನುಷ್ಯರಿಗೆ ಮೂರು ದಿನಗಳ ಅವಕಾಶ ಕೊಡುತ್ತದೆ; ದಂಡನೆಯನ್ನು ರದ್ದುಗೊಳಿಸುವುದಿಲ್ಲ. ಕಳಿಂಗ ಯುದ್ಧದಲ್ಲಿ ಒಂದು ಲಕ್ಷ ಜನ ಹತರಾದರು, ಒಂದೂವರೆ ಲಕ್ಷ ಜನ ಸೆರೆಯಾಗಿ ಸಾಗಿಸಲ್ಪಟ್ಟರು ಎಂದು ಹದಿಮೂರನೆಯ ಬಂಡೆಶಾಸನದಲ್ಲಿ ಅರಸ ಪಶ್ಚಾತ್ತಾಪ ಪಡುತ್ತಾನೆ. ಆದರೆ ಸಾಗಿಸಲ್ಪಟ್ಟವರನ್ನು ಮನೆಗೆ ಮರಳಿಸಿದ ಮಾತು ಅಲ್ಲಿಲ್ಲ. ಕಾಡಿನ ಜನರಿಗೆ ಎಚ್ಚರಿಕೆ ಮಾತ್ರ ಉಂಟು.

ಹಾಗಾದರೆ ಅಶೋಕನಿಗೆ ಇರುವೆಯ ಪ್ರಾಣ ಮನುಷ್ಯನ ಪ್ರಾಣಕ್ಕಿಂತ ಹೆಚ್ಚಾಗಿತ್ತೆ? ಹಾಗೆಂದು ತೀರ್ಮಾನಿಸುವುದು ಅನ್ಯಾಯ. ಕಲಬುರಗಿ ಜಿಲ್ಲೆ ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ ದೊರೆತ ಪ್ರತ್ಯೇಕ ಶಾಸನಗಳಲ್ಲಿ ಎಲ್ಲ ಮನುಷ್ಯರೂ ತನ್ನ ಮಕ್ಕಳೆಂಬ ಭಾವವಿದೆ. ಕಾರಣವಿಲ್ಲದೆ ಯಾರನ್ನೂ ಸೆರೆಯಲ್ಲಿಡಬಾರದು, ಹಿಂಸಿಸಬಾರದು ಎಂದು ಅಧಿಕಾರಿಗಳಿಗೆ ಕಟ್ಟುನಿಟ್ಟಿನ ಸೂಚನೆಯಿದೆ. ನನಗೆ ಕಾಣುವ ವ್ಯತ್ಯಾಸ ಬೇರೆ. ತನ್ನ ತಟ್ಟೆಯನ್ನು ಕಡಿಮೆ ಮಾಡಿಕೊಳ್ಳುವುದು ಅರಸನಿಗೆ ಸಾಧ್ಯವಾಯಿತು. ತನ್ನ ಪ್ರಭುತ್ವವನ್ನು ಕಡಿಮೆ ಮಾಡಿಕೊಳ್ಳುವುದು ಅಷ್ಟಾಗಿ ಸಾಧ್ಯವಾಗಲಿಲ್ಲ. ಅರಸನ ಈ ಮಿತಿ ನಮ್ಮೆಲ್ಲರ ಮಿತಿಯೂ ಹೌದು. ಆದ್ದರಿಂದ ದಯೆಯನ್ನು ಅಳೆಯುವಾಗ ಪ್ರಾಣಿ ಹೆಚ್ಚೋ ಮನುಷ್ಯ ಹೆಚ್ಚೋ ಎಂದು ಕೇಳುವ ಬದಲು, ಆ ದಯೆಯ ಬೆಲೆಯನ್ನು ತೆರುವವರು ಯಾರು ಎಂದು ಕೇಳುವುದು ಲೇಸು.

ಈ ಪ್ರಶ್ನೆಯನ್ನು ಹಿಡಿದು ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ ಬರೋಣ. ಹಬ್ಬದ ಹರಕೆಗೆ ತಂದ ಕುರಿ ತನ್ನ ಸಾವನ್ನರಿಯದೆ ತೋರಣದ ತಳಿರನ್ನು ಮೇಯುವ ಚಿತ್ರವನ್ನು ಕಂಡರಿಸಿದವರು ಬಸವಣ್ಣನವರು. ಮೂಕಪ್ರಾಣಿಯ ನೋವು ಅವರ ಎದೆಯನ್ನು ತಟ್ಟಿತ್ತೆಂಬುದರಲ್ಲಿ ಸಂಶಯವಿಲ್ಲ. ಅದೇ ಬಸವಣ್ಣನವರು, ಕಲ್ಲಿನ ನಾಗರಕ್ಕೆ ಹಾಲೆರೆದು ನಿಜದ ನಾಗರವನ್ನು ಕೊಲ್ಲುವವರನ್ನೂ, ಉಣ್ಣದ ಲಿಂಗಕ್ಕೆ ನೈವೇದ್ಯವಿಟ್ಟು ಉಣ್ಣಬಲ್ಲ ಜಂಗಮನನ್ನು ಬಾಗಿಲಿನಿಂದ ಅಟ್ಟುವವರನ್ನೂ ಒಂದೇ ವಚನದಲ್ಲಿ ಟೀಕಿಸುತ್ತಾರೆ. ಕೊಲ್ಲಲ್ಪಡುವ ಹಾವು ಮತ್ತು ಹಸಿದ ಮನುಷ್ಯ ಇಬ್ಬರೂ ಆ ವಚನದಲ್ಲಿ ಒಂದೇ ಪಕ್ಷದವರು. ಎದುರು ಪಕ್ಷದಲ್ಲಿರುವುದು ಆಚಾರದ ಡಂಭ.

ನಮ್ಮ ಪುರಾತನರ ಸಾಲಿನಲ್ಲಿ ಬೇಡರ ಕಣ್ಣಪ್ಪನಿದ್ದಾನೆಂಬುದನ್ನೂ ಮರೆಯಬಾರದು. ಆತ ಬೇಟೆಗಾರ; ಬೇಟೆಯ ಮಾಂಸವನ್ನೇ ಶಿವನಿಗೆ ಅರ್ಪಿಸಿದವನು. ಹರಿಹರ ಕವಿ ಅವನ ಮೇಲೆ ರಗಳೆಯನ್ನು ರಚಿಸಿದ. ಶಾಕಾಹಾರವನ್ನು ವ್ರತವಾಗಿ ಹಿಡಿದ ಸಮುದಾಯವೊಂದು ಮಾಂಸವನ್ನು ನಿವೇದಿಸಿದ ಭಕ್ತನನ್ನು ಶತಮಾನಗಳಿಂದ ಪೂಜಿಸುತ್ತ ಬಂದಿದೆ. ಚರ್ಮ ಹದಮಾಡುವ ಡೋಹರ ಕಕ್ಕಯ್ಯ, ಮಾದಾರ ಚೆನ್ನಯ್ಯ, ಸಮಗಾರ ಹರಳಯ್ಯ ಇವರೆಲ್ಲ ಸತ್ತ ಪ್ರಾಣಿಯ ತೊಗಲಿನೊಂದಿಗೆ ಬದುಕಿದ ಕುಲಗಳಿಂದ ಬಂದವರು. ಬಸವಣ್ಣನವರು ಅವರನ್ನು ತಂದೆ, ಬೊಪ್ಪ ಎಂದು ಕರೆದು ತಮ್ಮ ಕುಲವನ್ನು ಅವರಿಂದ ಹೇಳಿಕೊಂಡರು. ಶರಣರ ದಯೆಯಲ್ಲಿ ಪ್ರಾಣಿಗೆ ಸ್ಥಳವಿತ್ತು. ಆದರೆ ಪ್ರಾಣಿಯ ಹೆಸರಿನಲ್ಲಿ ಮನುಷ್ಯನನ್ನು ಹೊರಗೆ ನಿಲ್ಲಿಸುವುದಕ್ಕೆ ಸ್ಥಳವಿರಲಿಲ್ಲ.

ಇಲ್ಲಿ ಎರಡು ಪದಗಳನ್ನು ಬೇರ್ಪಡಿಸಿ ನೋಡಬೇಕು: ಒಂದು ದಯೆ, ಇನ್ನೊಂದು ಮಡಿ. ಹೊರಗಿನಿಂದ ನೋಡಿದರೆ ಎರಡೂ ಒಂದೇ ರೀತಿ ಕಾಣುತ್ತವೆ. ಎರಡೂ ಮಾಂಸವನ್ನು ಮುಟ್ಟುವುದಿಲ್ಲ. ಆದರೆ ದಯೆ ಎದುರಿನ ಜೀವದ ನೋವನ್ನು ನೋಡುತ್ತದೆ. ಮಡಿ ತನ್ನ ಮೈಲಿಗೆಯನ್ನು ನೋಡಿಕೊಳ್ಳುತ್ತದೆ. ಪ್ರಾಣಿಯನ್ನು ಮನುಷ್ಯನಿಗಿಂತ ಮೇಲೆ ಇಟ್ಟಂತೆ ನಮಗೆ ತೋರುವ ಅನೇಕ ಪ್ರಸಂಗಗಳಲ್ಲಿ ಪ್ರಾಣಿಯ ಮೇಲೂ ಪ್ರೀತಿಯಿರುವುದಿಲ್ಲ. ಇರುವುದು ಮಡಿ ಮಾತ್ರ.

ಮಹಾಡದ ಚವದಾರ ಕೆರೆಯ ಪ್ರಸಂಗ ಇದಕ್ಕೆ ಸಾಕ್ಷಿ. ದನಕರುಗಳು ನೀರು ಕುಡಿಯಲು ತಡೆಯಿಲ್ಲದ ಆ ಕೆರೆಯ ನೀರನ್ನು ಅಸ್ಪೃಶ್ಯರೆನಿಸಿದವರು ಮುಟ್ಟುವಂತಿರಲಿಲ್ಲ. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರ್ ತಮ್ಮ ಜನರೊಂದಿಗೆ ಹೋಗಿ ಆ ನೀರನ್ನು ಕುಡಿದರು. ಬಳಿಕ ಸವರ್ಣೀಯರು ಸಗಣಿ, ಗಂಜಲಗಳನ್ನು ಸುರಿದು ಕೆರೆಯನ್ನು 'ಶುದ್ಧಿ' ಮಾಡಿದರು. 2016ರ ಜುಲೈನಲ್ಲಿ ಗುಜರಾತಿನ ಉನಾ ಬಳಿ ಸತ್ತ ಹಸುವಿನ ಚರ್ಮ ಸುಲಿಯುತ್ತಿದ್ದ ದಲಿತರನ್ನು ಗೋರಕ್ಷಕರೆಂದು ಹೇಳಿಕೊಂಡವರು ಹಿಡಿದು ಥಳಿಸಿದರು. ಹಸು ಅದಾಗಲೇ ಸತ್ತಿತ್ತು. ಆ ಹೊಡೆತಗಳಿಂದ ಯಾವ ಪ್ರಾಣಿಯ ಪ್ರಾಣವೂ ಉಳಿಯಲಿಲ್ಲ. ಕಕ್ಕಯ್ಯನವರ ಕಾಯಕವನ್ನು ಮಾಡುತ್ತಿದ್ದವರ ಬೆನ್ನು ಮಾತ್ರ ಹರಿಯಿತು.

ಇಷ್ಟನ್ನು ಓದಿ, ಪ್ರಾಣಿಗಳಿಗೆ ಮರುಗುವವರೆಲ್ಲ ಮನುಷ್ಯದ್ವೇಷಿಗಳೆಂದು ತಿಳಿದರೆ ಅದೂ ತಪ್ಪೇ. ಲಂಡನ್ನಿನಲ್ಲಿ 1824ರಲ್ಲಿ ಪ್ರಾಣಿಹಿಂಸೆಯನ್ನು ತಡೆಯುವ ಸಂಘ ಹುಟ್ಟಿದಾಗ ಅದರ ಸ್ಥಾಪಕರಲ್ಲಿ ವಿಲ್ಬರ್‌ಫೋರ್ಸ್ ಇದ್ದರು. ಗುಲಾಮರ ವ್ಯಾಪಾರದ ವಿರುದ್ಧ ದಶಕಗಳ ಕಾಲ ಹೋರಾಡಿದವರೂ ಅವರೇ. ಅದೇ ನಗರದಲ್ಲಿ ಮಕ್ಕಳ ಮೇಲಿನ ಹಿಂಸೆಯನ್ನು ತಡೆಯುವ ಸಂಘ ಹುಟ್ಟಲು 1884ರವರೆಗೆ ಕಾಯಬೇಕಾಯಿತೆಂಬುದು ನಾಚಿಕೆಯ ಸಂಗತಿ. ಆದರೆ ನ್ಯೂಯಾರ್ಕಿನಲ್ಲಿ ನಡೆದುದನ್ನೂ ನೋಡಿ. 1874ರಲ್ಲಿ ಮೇರಿ ಎಲೆನ್ ಎಂಬ ಹತ್ತು ವರ್ಷದ ಬಾಲಕಿಯನ್ನು ಸಾಕಿದವರೇ ಬಡಿಯುತ್ತಿದ್ದರು. ಅವಳಿಗಾಗಿ ಮರುಗಿದ ಮಹಿಳೆಯೊಬ್ಬರು ಕೊನೆಗೆ ಹೋದದ್ದು ಪ್ರಾಣಿರಕ್ಷಣಾ ಸಂಘದ ಹೆನ್ರಿ ಬರ್ಗ್ ಅವರ ಬಳಿಗೆ. ಅವರ ನೆರವಿನಿಂದ ಮಗು ಪಾರಾಯಿತು. ಆ ವರ್ಷದ ಕೊನೆಗೇ ಮಕ್ಕಳ ರಕ್ಷಣೆಯ ಸಂಘವೂ ಹುಟ್ಟಿತು. ಕುದುರೆಯ ಬೆನ್ನಿನ ಗಾಯಕ್ಕೆ ಮರುಗಿದ ಮನಸ್ಸೇ ಮಗುವಿನ ಗಾಯಕ್ಕೂ ಮರುಗಿತು. ನಿಜವಾದ ದಯೆ ಒಂದು ಕಡೆ ಖರ್ಚಾದರೆ ಇನ್ನೊಂದು ಕಡೆ ಕಡಿಮೆಯಾಗುವ ಹಣವಲ್ಲ.

ಇನ್ನು ನಮ್ಮ ಮನೆಯ ಮಾತಿಗೆ ಬರೋಣ. ಇದನ್ನು ಮಠದ ಅಂಗಳದಲ್ಲಿ ನಿಂತು ಆಡುವುದು ಸುಲಭವಲ್ಲ. ಆದರೆ ಆಡದಿದ್ದರೆ ಮೇಲೆ ಬರೆದುದೆಲ್ಲ ಪರೋಪದೇಶವಾದೀತು. 2021ರ ಡಿಸೆಂಬರ್‌ನಲ್ಲಿ ಸರ್ಕಾರವು ರಾಯಚೂರು, ಬೀದರ್, ಕಲಬುರಗಿ, ಯಾದಗಿರಿ, ಕೊಪ್ಪಳ, ಬಳ್ಳಾರಿ ಮತ್ತು ವಿಜಯಪುರ ಜಿಲ್ಲೆಗಳ ಶಾಲೆಗಳಲ್ಲಿ 1ರಿಂದ 8ನೇ ತರಗತಿಯ ಮಕ್ಕಳಿಗೆ ಬಿಸಿಯೂಟದೊಂದಿಗೆ ಮೊಟ್ಟೆಯನ್ನು, ತಿನ್ನದವರಿಗೆ ಬಾಳೆಹಣ್ಣನ್ನು ಕೊಡಲು ಆರಂಭಿಸಿತು. ಸಿಂಧನೂರು, ಲಿಂಗಸುಗೂರು, ಮಸ್ಕಿಯ ಶಾಲೆಗಳೂ ಇದರಲ್ಲಿ ಸೇರಿದ್ದವು. ಕಾರಣ ಅಪೌಷ್ಟಿಕತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ.

ಈ ಯೋಜನೆಯನ್ನು ಕೆಲವು ಮಠಾಧೀಶರೂ ಶಾಕಾಹಾರಿ ಸಂಘಟನೆಗಳವರೂ ವಿರೋಧಿಸಿದರು. ಒಂದೇ ಪಂಕ್ತಿಯಲ್ಲಿ ಮಕ್ಕಳ ನಡುವೆ ಭೇದ ಹುಟ್ಟುತ್ತದೆ, ಬೇಳೆಕಾಳು, ಹಾಲುಗಳಿಂದಲೂ ಪೋಷಣೆ ಸಾಧ್ಯ ಎಂಬುದು ಅವರ ವಾದ. ಈ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಹಾಳೆಯಷ್ಟು ಜಾಗದ ಪಂಜರದಲ್ಲಿ ಬದುಕು ಸವೆಸುವ ಕೋಳಿಯ ಸಂಕಟವೂ ಸುಳ್ಳಲ್ಲ. ಆದರೆ ಆ ದಿನಗಳಲ್ಲಿ ನೆರೆಯ ಜಿಲ್ಲೆಯ ಶಾಲಾ ಬಾಲಕಿಯೊಬ್ಬಳು, ಶಾಲೆಯಲ್ಲಿ ಮೊಟ್ಟೆ ಕೊಡಗೊಡದಿದ್ದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಎಂಬರ್ಥದ ಮಾತನ್ನಾಡಿದ್ದು ನಾಡೆಲ್ಲ ಕೇಳಿತು. ಹಲವರು ಅದನ್ನು ಉದ್ಧಟತನವೆಂದರು. ನನಗೆ ಕೇಳಿಸಿದ್ದು ಬೇರೆ. ಹಸಿದವರು ಮಠದ ಬಾಗಿಲಿಗೆ ಬರಬಹುದೆಂದು ನಾವೇ ಎಂಟುನೂರು ವರ್ಷಗಳಿಂದ ಹೇಳುತ್ತ ಬಂದಿದ್ದೇವೆ. ಆ ಮಗು ಅದನ್ನು ನಂಬಿತ್ತು, ಅಷ್ಟೇ.

ನಂತರದ ಸಂಗತಿ ಎಲ್ಲರಿಗೂ ತಿಳಿದದ್ದೇ. ಯೋಜನೆ ರಾಜ್ಯಕ್ಕೆಲ್ಲ ವಿಸ್ತರಿಸಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ಮೂರು ವರ್ಷಗಳಿಗೆ 1,591 ಕೋಟಿ ರೂಪಾಯಿ ನೀಡಲು ಒಪ್ಪಿದ ಮೇಲೆ ವಾರಕ್ಕೆ ಎರಡು ದಿನವಿದ್ದದ್ದು ಆರು ದಿನವಾಯಿತು. ಮೊಟ್ಟೆ ಬೇಡವೆನ್ನುವ ಮಗುವಿಗೆ ಬಾಳೆಹಣ್ಣು ದೊರೆಯುವ ವ್ಯವಸ್ಥೆ ಮೊದಲಿನಿಂದಲೂ ಇತ್ತು. ನಮ್ಮ ಮನೆಯ ಮಗುವಿನ ತಟ್ಟೆಗೆ ಯಾರೂ ಮೊಟ್ಟೆಯನ್ನು ಒತ್ತಾಯದಿಂದ ಹಾಕಲಿಲ್ಲ. ಪಕ್ಕದ ಮಗುವಿನ ತಟ್ಟೆಯಿಂದ ಅದನ್ನು ತೆಗೆಯಿರೆಂದು ಕೇಳಿದವರು ನಮ್ಮಲ್ಲಿ ಕೆಲವರು. ಬೇಳೆ, ಹಾಲು ಸಾಕೆಂಬ ನಂಬಿಕೆ ದೃಢವಾಗಿದ್ದರೆ, ಆ ಬೇಳೆ ಹಾಲುಗಳನ್ನು ಹೊತ್ತು ಆ ಮಕ್ಕಳ ಶಾಲೆಗೆ ನಾವು ಮೊದಲು ಹೋಗಬೇಕಿತ್ತು. ಬೇಡವೆಂಬ ಮನವಿಪತ್ರವನ್ನು ಆಮೇಲೆ ಬರೆಯಬಹುದಿತ್ತು. ಅಶೋಕ ತನ್ನ ಅಡುಗೆಮನೆಯಿಂದ ಆರಂಭಿಸಿದ. ನಾವು ಬಡವರ ಮಕ್ಕಳ ಅಡುಗೆಮನೆಯಿಂದ ಆರಂಭಿಸಲು ಹೊರಟಿದ್ದೆವು.

ನನ್ನ ವ್ರತವನ್ನು ನಾನು ಬಿಡುವವನಲ್ಲ, ಓದುಗರಿಗೆ ಬಿಡಿರೆಂದೂ ಹೇಳುವುದಿಲ್ಲ. ವ್ರತವೆಂಬುದು ನನ್ನ ಬಾಯಿಗೆ ನಾನೇ ಹಾಕಿಕೊಂಡ ಕಟ್ಟು. ಅದರ ಬೆಲೆಯನ್ನು ನಾನು ತೆತ್ತಾಗ ಅದು ದಯೆ; ಹಸಿದ ಇನ್ನೊಬ್ಬರಿಂದ ತೆರಿಸಿದಾಗ ಅದು ಮಡಿ. ಇರುವೆಗೆ ಸಕ್ಕರೆ ಹಾಕುವ ಕೈಯನ್ನು ಯಾರೂ ತಡೆಯಬೇಕಾಗಿಲ್ಲ. ಅದೇ ಕೈ, ಬಾಗಿಲಲ್ಲಿ ನಿಂತ ಹುಡುಗನನ್ನು ಒಳಗೆ ಕರೆದು, ಮನೆಯವರು ಕುಡಿಯುವ ಲೋಟದಲ್ಲೇ ನೀರು ಕೊಡಲಿ. ಆ ಶಿಕ್ಷಕರಿಗೆ ಅಂದು ಕೊಡಲಾಗದ ಉತ್ತರ ಇದು. ಮುಂದಿನ ಗೋಷ್ಠಿಗೆ ಅವರು ಬಂದರೆ ಪಂಕ್ತಿಯಲ್ಲಿ ಅವರ ಪಕ್ಕದಲ್ಲೇ ಕುಳಿತು ಹೇಳಬೇಕೆಂದಿದ್ದೇನೆ.