ವೀಗನ್ ಆಹಾರಕ್ರಮ ಆರಂಭಿಸುವವರಿಗೆ ಅಡುಗೆ ಪುಸ್ತಕಗಳ ಆಯ್ಕೆ

ಮಾಂಸ, ಮೀನು, ಮೊಟ್ಟೆಗಳ ಜೊತೆಗೆ ಹಾಲು, ಮೊಸರು, ಬೆಣ್ಣೆ, ತುಪ್ಪ ಮತ್ತು ಜೇನುತುಪ್ಪವನ್ನೂ ತ್ಯಜಿಸಿ, ಸಸ್ಯಮೂಲದ ಆಹಾರವನ್ನು ಮಾತ್ರ ಸೇವಿಸುವ ಕ್ರಮಕ್ಕೆ ವೀಗನ್ ಎಂದು ಹೆಸರು. ಪ್ರಾಣಿದಯೆ, ಆರೋಗ್ಯ, ಪರಿಸರ ಕಾಳಜಿ ಹೀಗೆ ಕಾರಣ ಯಾವುದೇ ಇರಲಿ, ಈ ನಿರ್ಧಾರ ಕೈಗೊಂಡವರಿಗೆ ಎದುರಾಗುವ ಮೊದಲ ಪ್ರಶ್ನೆ ಒಂದೇ: ನಾಳೆ ಬೆಳಿಗ್ಗೆ ಏನು ಅಡುಗೆ ಮಾಡುವುದು? ಉತ್ತರಕ್ಕಾಗಿ ಬಹುತೇಕರು ಅಡುಗೆ ಪುಸ್ತಕದ ಮೊರೆ ಹೋಗುತ್ತಾರೆ.

ಆಯ್ಕೆ ತಪ್ಪಿದರೆ ಆಗುವ ನಷ್ಟ ಎರಡು ಬಗೆಯದು. ಮೊದಲನೆಯದು ಹಣ ಮತ್ತು ಉತ್ಸಾಹದ ನಷ್ಟ. ಊರಿನ ಅಂಗಡಿಯಲ್ಲಿ ದೊರೆಯದ ಪದಾರ್ಥಗಳ ಪಟ್ಟಿಯನ್ನು ಕಂಡು ಬೇಸತ್ತು ತಿಂಗಳೊಳಗೆ ಹಳೆಯ ದಾರಿಗೆ ಮರಳುವುದು ಸುಲಭ. ಎರಡನೆಯದು ಆರೋಗ್ಯದ ನಷ್ಟ. ಪೋಷಣೆಯ ವಿಷಯದಲ್ಲಿ ತಪ್ಪು ಮಾಹಿತಿ ನೀಡುವ ಪುಸ್ತಕವನ್ನು ನಂಬಿ ನಡೆದರೆ ಅದರ ಪರಿಣಾಮ ತಕ್ಷಣ ಕಾಣಿಸುವುದಿಲ್ಲ. ವರ್ಷಗಳ ಬಳಿಕ ಕಾಣಿಸುತ್ತದೆ. ಆದುದರಿಂದ ಪುಸ್ತಕವನ್ನು ಕೊಳ್ಳುವ ಮುನ್ನ ಕೆಲವು ಸಂಗತಿಗಳನ್ನು ತಿಳಿದಿರುವುದು ಒಳಿತು.

ಹಿನ್ನೆಲೆ

ವೀಗನ್ ಎಂಬ ಪದ ಹುಟ್ಟಿದ್ದು 1944ರಲ್ಲಿ, ಇಂಗ್ಲೆಂಡಿನಲ್ಲಿ. ಡೊನಾಲ್ಡ್ ವಾಟ್ಸನ್ ಮತ್ತು ಅವರ ಸಂಗಡಿಗರು ಆ ವರ್ಷ ವೀಗನ್ ಸೊಸೈಟಿಯನ್ನು ಸ್ಥಾಪಿಸಿದರು. ಆದರೆ ಪದಕ್ಕಿಂತ ಪುಸ್ತಕವೇ ಹಿರಿಯದು. ರೂಪರ್ಟ್ ವ್ಹೆಲ್ಡನ್ ಅವರ 'ನೋ ಅನಿಮಲ್ ಫುಡ್' 1910ರಲ್ಲಿಯೇ ಪ್ರಕಟವಾಗಿತ್ತು.

ಕನ್ನಡದಲ್ಲಿ ಪಾಕಶಾಸ್ತ್ರದ ಪರಂಪರೆ ಇನ್ನೂ ಪ್ರಾಚೀನವಾದುದು. ಕ್ರಿ.ಶ. 1025ರ ಸುಮಾರಿಗೆ ಎರಡನೆಯ ಚಾವುಂಡರಾಯ ರಚಿಸಿದ 'ಲೋಕೋಪಕಾರ'ದಲ್ಲಿ ಅಡುಗೆಗೆ ಮೀಸಲಾದ ಭಾಗವಿದೆ. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ 'ಸೂಪಶಾಸ್ತ್ರ'ವನ್ನು ರಚಿಸಿದ. ಇವು ಸಸ್ಯಾಹಾರದ ಗ್ರಂಥಗಳೇ ಹೊರತು ವೀಗನ್ ಗ್ರಂಥಗಳಲ್ಲ. ಹಾಲು, ಮೊಸರು, ತುಪ್ಪಗಳಿಗೆ ಅವುಗಳಲ್ಲಿ ಹಿರಿದಾದ ಸ್ಥಾನವಿದೆ. ಇಂದಿನ ಕನ್ನಡ ಅಡುಗೆ ಪುಸ್ತಕಗಳ ಮಾತೂ ಇದೇ. ಮುಖಪುಟದಲ್ಲಿ 'ಶುದ್ಧ ಸಸ್ಯಾಹಾರಿ' ಎಂದಿದ್ದರೆ ಅದರಲ್ಲಿ ಹಾಲಿನ ಉತ್ಪನ್ನಗಳು ಇದ್ದೇ ಇರುತ್ತವೆ ಎಂದು ಭಾವಿಸಬೇಕು.

ಮೊದಲ ಪುಸ್ತಕ ಮನೆಯಲ್ಲೇ ಇರಬಹುದು

ಹಾಗೆಂದು ಕನ್ನಡ ಪುಸ್ತಕಗಳನ್ನು ಬದಿಗಿಡಬೇಕಾಗಿಲ್ಲ. ಮನೆಯಲ್ಲಿರುವ ಹಳೆಯ ಅಡುಗೆ ಪುಸ್ತಕವನ್ನೋ, ಅಜ್ಜಿ ಅಥವಾ ಅಮ್ಮ ಬರೆದಿಟ್ಟ ನೋಟ್‌ಪುಸ್ತಕವನ್ನೋ ತೆಗೆದುಕೊಂಡು ಪೆನ್ಸಿಲ್ ಹಿಡಿದು ಕುಳಿತರೆ ಅದರಲ್ಲಿನ ಅಡುಗೆಗಳನ್ನು ಮೂರು ವರ್ಗಗಳಾಗಿ ವಿಂಗಡಿಸಬಹುದು.

ಮೊದಲ ವರ್ಗ, ಏನೂ ಬದಲಿಸಬೇಕಿಲ್ಲದವು. ರಾಗಿ ಮುದ್ದೆ, ಬಸ್ಸಾರು, ಮಸೊಪ್ಪು, ಹುರುಳಿಕಾಳು ಸಾರು, ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ನೀರುದೋಸೆ, ಪತ್ರೊಡೆ, ಕಡುಬು, ಉಸಲಿ, ಬಗೆಬಗೆಯ ಗೊಜ್ಜುಗಳು ಈ ವರ್ಗಕ್ಕೆ ಸೇರುತ್ತವೆ. ಒತ್ತುಶಾವಿಗೆಗೆ ಬೆಲ್ಲ ಹಾಕಿದ ಕಾಯಿಹಾಲು ಸಹ ಹೀಗೆಯೇ.

ಎರಡನೆಯ ವರ್ಗ, ಅಲ್ಪ ಬದಲಾವಣೆ ಬೇಡುವವು. ತುಪ್ಪದ ಒಗ್ಗರಣೆಯ ಬದಲು ಎಣ್ಣೆಯ ಒಗ್ಗರಣೆ, ಹೋಳಿಗೆ ಬೇಯಿಸಲು ತುಪ್ಪದ ಬದಲು ಎಣ್ಣೆ, ಪಾಯಸಕ್ಕೆ ಹಸುವಿನ ಹಾಲಿನ ಬದಲು ತೆಂಗಿನ ಹಾಲು ಬಳಸಿದರೆ ಸಾಕು.

ಮೂರನೆಯ ವರ್ಗ, ಹಾಲಿನ ಮೇಲೆಯೇ ನಿಂತವು. ಪೇಡ, ಮಜ್ಜಿಗೆಹುಳಿ, ಮೊಸರು ಬಜ್ಜಿ, ತಂಬುಳಿ ಇಂಥವು. ಆರಂಭದ ದಿನಗಳಲ್ಲಿ ಇವುಗಳನ್ನು ಅನುಕರಿಸಲು ಹೋಗದಿರುವುದೇ ಲೇಸು.

ಹೀಗೆ ಗುರುತು ಹಾಕಿದಾಗ ಮೊದಲೆರಡು ವರ್ಗಗಳೇ ಹೆಚ್ಚೆಂಬುದು ಹಲವರಿಗೆ ಅಚ್ಚರಿ ತರಬಹುದು. ಮಾಧ್ವ ಸಂಪ್ರದಾಯದ ಮನೆಗಳಲ್ಲಿ ಚಾತುರ್ಮಾಸ್ಯದ ಕಾಲದಲ್ಲಿ ದಧಿವ್ರತದ ತಿಂಗಳು ಮೊಸರನ್ನೂ, ಕ್ಷೀರವ್ರತದ ತಿಂಗಳು ಹಾಲನ್ನೂ ವರ್ಜಿಸುವ ರೂಢಿಯಿದೆ. ಒಂದೊಂದು ತಿಂಗಳಿಗೆ ಒಂದೊಂದರ ನಿಷೇಧವಾದ್ದರಿಂದ ಇದು ವೀಗನ್ ಕ್ರಮವಲ್ಲ. ಆದರೂ ಹಾಲಿಲ್ಲದೆ, ಮೊಸರಿಲ್ಲದೆ ಊಟ ಸಾಗಿಸುವ ಅನುಭವ ನಮ್ಮ ಅಡುಗೆಮನೆಗಳಿಗೆ ಹೊಸತಲ್ಲ ಎಂಬುದಕ್ಕೆ ಇದು ನಿದರ್ಶನ.

ಕೊಳ್ಳುವ ಮುನ್ನ ಪರಿಶೀಲಿಸಬೇಕಾದ ಅಂಶಗಳು

ಹೊಸ ಪುಸ್ತಕವನ್ನು ಕೊಳ್ಳುವುದಾದರೆ ಅಂಗಡಿಯಲ್ಲಿಯೋ ಗ್ರಂಥಾಲಯದಲ್ಲಿಯೋ ಹತ್ತು ನಿಮಿಷ ಅದನ್ನು ಕೈಯಲ್ಲಿ ಹಿಡಿದು ನೋಡುವುದು ಅವಶ್ಯ.

ಪದಾರ್ಥಗಳು: ನಡುವಿನ ಯಾವುದಾದರೂ ಐದು ಪುಟಗಳನ್ನು ತೆರೆದು ಪದಾರ್ಥಗಳ ಪಟ್ಟಿಯನ್ನು ಓದಿ. ಪ್ರತಿಯೊಂದರಲ್ಲೂ ಎರಡು ಮೂರು ವಸ್ತುಗಳು ನಿಮ್ಮ ಊರಿನ ದಿನಸಿ ಅಂಗಡಿಯಲ್ಲಿ ದೊರೆಯದಿದ್ದರೆ ಆ ಪುಸ್ತಕ ಈಗ ಬೇಡ. ಟೆಂಪೆ, ನ್ಯೂಟ್ರಿಷನಲ್ ಯೀಸ್ಟ್, ಮೇಪಲ್ ಸಿರಪ್ ಬಯಸುವ ಪುಸ್ತಕ ಬೆಂಗಳೂರಿನಲ್ಲಿ ಉಪಯುಕ್ತವಾದೀತು. ಬಾಗಲಕೋಟೆಯಲ್ಲೋ ಶೃಂಗೇರಿಯಲ್ಲೋ ಕಪಾಟಿನ ಅಲಂಕಾರವಾದೀತು.

ಅಳತೆ: ಅಮೆರಿಕದ ಪುಸ್ತಕದ ಒಂದು ಕಪ್ ಸುಮಾರು 240 ಮಿಲಿಲೀಟರ್. ಬ್ರಿಟನ್ನಿನ ಪೈಂಟ್ 568 ಮಿ.ಲೀ. ಆದರೆ ಅಮೆರಿಕದ್ದು 473 ಮಿ.ಲೀ. ಬೇರೆಡೆ 15 ಮಿ.ಲೀ. ಇರುವ ದೊಡ್ಡ ಚಮಚ ಆಸ್ಟ್ರೇಲಿಯಾದಲ್ಲಿ 20 ಮಿ.ಲೀ. ಓವನ್ನಿನ ಶಾಖ 350 ಡಿಗ್ರಿ ಎಂದಿದ್ದರೆ ಅದು ಫ್ಯಾರನ್‌ಹೀಟ್. ನಮ್ಮ ಲೆಕ್ಕದಲ್ಲಿ ಸುಮಾರು 175ರಿಂದ 180 ಡಿಗ್ರಿ ಸೆಲ್ಸಿಯಸ್. ಗ್ರಾಮುಗಳಲ್ಲಿ ಅಳತೆ ನೀಡುವ ಪುಸ್ತಕದಲ್ಲಿ ಈ ಗೊಂದಲವಿರುವುದಿಲ್ಲ.

ದಿನನಿತ್ಯದ ಅಡುಗೆಯ ಪಾಲು: ಕೇಕು, ಐಸ್‌ಕ್ರೀಮು, ಬಿಸ್ಕತ್ತುಗಳೇ ಅರ್ಧ ಪುಸ್ತಕವನ್ನು ಆಕ್ರಮಿಸಿದ್ದರೆ ಅದು ಹಬ್ಬದ ದಿನದ ಪುಸ್ತಕ. ಆರಂಭಿಸುವವರಿಗೆ ಬೇಕಾದುದು ಸೋಮವಾರ ಬೆಳಗಿನ ತಿಂಡಿ ಮತ್ತು ಬುಧವಾರ ರಾತ್ರಿಯ ಊಟ. ಬೇಳೆ, ಕಾಳು, ಸೊಪ್ಪು, ಎಣ್ಣೆಕಾಳುಗಳ ಅಡುಗೆ ಎಷ್ಟಿವೆ ಎಂದು ಎಣಿಸಿ ನೋಡಿ.

ವಿವರಣೆ: 'ಇಷ್ಟು ಹಾಕಿ, ಇಷ್ಟು ಹೊತ್ತು ಕುದಿಸಿ' ಎಂದಷ್ಟೇ ಹೇಳುವ ಪುಸ್ತಕಕ್ಕಿಂತ ಕಾರಣ ತಿಳಿಸುವ ಪುಸ್ತಕ ಮೇಲು. ತೆಂಗಿನ ಹಾಲನ್ನು ಜೋರಾಗಿ ಕುದಿಸಿದರೆ ಒಡೆಯುತ್ತದೆ; ಆದ್ದರಿಂದ ಎರಡನೆಯ, ತೆಳುವಾದ ಹಾಲಿನಲ್ಲಿ ಬೇಯಿಸಿ, ಗಟ್ಟಿಹಾಲನ್ನು ಕೊನೆಯಲ್ಲಿ ಸೇರಿಸಿ ಇಳಿಸಬೇಕು ಎಂದು ತಿಳಿಸಿದರೆ ಓದುಗರು ಒಂದಲ್ಲ, ಹತ್ತು ಅಡುಗೆಗಳನ್ನು ಕಲಿತಂತೆ.

ಪೋಷಣೆಯ ಅಧ್ಯಾಯವೇ ಒರೆಗಲ್ಲು

ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ ಇದು. ಪುಸ್ತಕದಲ್ಲಿ ವಿಟಮಿನ್ ಬಿ12ರ ಬಗ್ಗೆ ಏನು ಬರೆದಿದೆ ಎಂದು ಹುಡುಕಿ. ಸಸ್ಯಮೂಲದ ಆಹಾರದಲ್ಲಿ ಈ ವಿಟಮಿನ್ನಿನ ವಿಶ್ವಾಸಾರ್ಹ ಮೂಲವಿಲ್ಲ. ಹಾಲು ಮೊಸರು ಬಿಟ್ಟವರು ಮಾತ್ರೆಯ ರೂಪದಲ್ಲಿಯೋ ಅದನ್ನು ಸೇರಿಸಿದ ಆಹಾರದ ಮೂಲಕವೋ ಇದನ್ನು ಪಡೆಯಲೇಬೇಕು. ಇಡ್ಲಿ ಹಿಟ್ಟು ಹುದುಗುವುದರಿಂದ ಬಿ12 ದೊರೆಯುತ್ತದೆ, ಸ್ಪಿರುಲಿನಾ ಪುಡಿಯಿಂದ ದೊರೆಯುತ್ತದೆ ಎಂದು ಭರವಸೆ ನೀಡುವ ಪುಸ್ತಕವನ್ನು ಇದ್ದಲ್ಲೇ ಇಟ್ಟುಬಿಡಿ. ಸ್ಪಿರುಲಿನಾದಲ್ಲಿ ಇರುವುದು ಬಹುಪಾಲು ದೇಹಕ್ಕೆ ಒದಗದ, ಬಿ12ನ್ನು ಹೋಲುವ ಬೇರೆ ರೂಪ.

ಯಕೃತ್ತಿನಲ್ಲಿ ಬಿ12ರ ಸಂಗ್ರಹವಿರುವುದರಿಂದ ಕೊರತೆ ಪ್ರಕಟವಾಗಲು ವರ್ಷಗಳೇ ಹಿಡಿಯಬಹುದು. ಆಯಾಸ, ಕೈಕಾಲು ಜುಮುಗುಟ್ಟುವಿಕೆ, ರಕ್ತಹೀನತೆ, ಮರೆವು ಇದರ ಲಕ್ಷಣಗಳು. ನರಗಳಿಗೆ ಆದ ಹಾನಿ ಕೆಲವೊಮ್ಮೆ ಪೂರ್ತಿಯಾಗಿ ವಾಸಿಯಾಗುವುದಿಲ್ಲ. ಸೊಪ್ಪು ಕಾಳುಗಳಲ್ಲಿ ಹೇರಳವಾಗಿರುವ ಫೋಲೇಟ್ ರಕ್ತಹೀನತೆಯನ್ನು ಮರೆಮಾಚಿ ಕೊರತೆ ಪತ್ತೆಯಾಗುವುದನ್ನು ತಡಮಾಡಬಹುದು. ಗರ್ಭಿಣಿಯರು, ಎದೆಹಾಲುಣಿಸುವ ತಾಯಂದಿರು ಮತ್ತು ಮಕ್ಕಳ ವಿಷಯದಲ್ಲಂತೂ ಪುಸ್ತಕವೊಂದನ್ನೇ ನೆಚ್ಚದೆ ವೈದ್ಯರ ಸಲಹೆ ಪಡೆಯಬೇಕು.

ಕ್ಯಾಲ್ಸಿಯಂ ವಿಷಯದಲ್ಲಿ ನಮ್ಮ ನಾಡಿನವರು ಭಾಗ್ಯವಂತರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಶಿಫಾರಸು ಮಾಡಿದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಇದೆ, ಎಳ್ಳಿನಲ್ಲಿ ಅದಕ್ಕಿಂತ ಬಹಳ ಹೆಚ್ಚು. ಪ್ರೋಟೀನು ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ, ಅಂದರೆ 60 ಕಿಲೋ ತೂಕದವರಿಗೆ ಸುಮಾರು 50 ಗ್ರಾಂ ಬೇಕು. ಬೇಳೆಕಾಳುಗಳಲ್ಲಿ ನೂರು ಗ್ರಾಮಿಗೆ 20 ಗ್ರಾಮಿಗಿಂತ ಹೆಚ್ಚು ಪ್ರೋಟೀನು ಇರುವುದರಿಂದ ಇದು ಕಷ್ಟಸಾಧ್ಯವಲ್ಲ. ಆದರೆ ಬೇಳೆಯ ನೀರು ಮಾತ್ರ ತಟ್ಟೆಗೆ ಬೀಳುವ ತಿಳಿಸಾರಿನಿಂದ ಇದು ಪೂರೈಸದು.

ಕಬ್ಬಿಣಾಂಶ ಚೆನ್ನಾಗಿ ಹೀರಿಕೆಯಾಗಲು ಊಟದ ಜೊತೆಗೆ ನಿಂಬೆ, ನೆಲ್ಲಿಯಂಥ ವಿಟಮಿನ್ ಸಿ ಇರುವ ಪದಾರ್ಥ ಬೇಕು. ಊಟದೊಡನೆ ಚಹಾ ಕಾಫಿ ಸಲ್ಲದು. ಅಯೋಡಿನ್ ಸೇರಿಸಿದ ಉಪ್ಪನ್ನು ಬಿಟ್ಟು ಸೈಂಧವ ಉಪ್ಪನ್ನು ಮಾತ್ರ ಬಳಸಿ ಎನ್ನುವ ಪುಸ್ತಕದ ಮಾತನ್ನು ಪಾಲಿಸಬಾರದು. ಹಾಲು, ಮೀನು ಬಿಟ್ಟವರಿಗೆ ಅಯೋಡಿನ್ ದೊರೆಯುವ ಮುಖ್ಯ ದಾರಿ ಆ ಉಪ್ಪೇ.

ಪ್ರಕಟಣೆಯ ವರ್ಷವನ್ನೂ ಗಮನಿಸಿ. ಫ್ರಾನ್ಸಿಸ್ ಮೂರ್ ಲಾಪೆ ಅವರ 'ಡಯಟ್ ಫಾರ್ ಎ ಸ್ಮಾಲ್ ಪ್ಲಾನೆಟ್' 1971ರಲ್ಲಿ ಪ್ರಕಟವಾದಾಗ, ಧಾನ್ಯ ಮತ್ತು ಬೇಳೆಗಳನ್ನು ಲೆಕ್ಕ ಹಾಕಿ ಒಂದೇ ಊಟದಲ್ಲಿ ಕೂಡಿಸಬೇಕೆಂಬ ಭಾವನೆಯನ್ನು ಜನಪ್ರಿಯಗೊಳಿಸಿತು. 1981ರ ಪರಿಷ್ಕೃತ ಆವೃತ್ತಿಯಲ್ಲಿ ಲೇಖಕಿಯೇ ಆ ನಿಲುವನ್ನು ತಿದ್ದಿಕೊಂಡರು. ದಿನದ ಆಹಾರದಲ್ಲಿ ವೈವಿಧ್ಯವಿದ್ದರೆ ಸಾಕು ಎಂಬುದು ಇಂದಿನ ತಿಳಿವಳಿಕೆ. ಹಳೆಯ ಪುಸ್ತಕದ ರುಚಿಯನ್ನು ನಂಬಬಹುದು. ಅದರ ಪೋಷಣಾ ವಿಚಾರವನ್ನು ಮಾತ್ರ ಹೊಸ ಮಾಹಿತಿಯೊಡನೆ ಹೋಲಿಸಿ ನೋಡಬೇಕು.

ಇಂಗ್ಲಿಷಿನ ಕೆಲವು ಪುಸ್ತಕಗಳು

ಭಾರತೀಯ ಅಡುಗೆಯನ್ನೇ ವೀಗನ್ ಕ್ರಮಕ್ಕೆ ಅಳವಡಿಸಿದ ಪುಸ್ತಕಗಳು ಇಂಗ್ಲಿಷಿನಲ್ಲಿವೆ. ಆಹಾರತಜ್ಞೆ ಮಧು ಗಾಡಿಯಾ ಅವರ 'ದಿ ಇಂಡಿಯನ್ ವೀಗನ್ ಕಿಚನ್' (2009), ಅನುಪಿ ಸಿಂಗ್ಲಾ ಅವರ 'ವೀಗನ್ ಇಂಡಿಯನ್ ಕುಕಿಂಗ್' (2012), ರಿಚಾ ಹಿಂಗ್ಲೆ ಅವರ 'ವೀಗನ್ ರಿಚಾಸ್ ಇಂಡಿಯನ್ ಕಿಚನ್' (2015) ಇವುಗಳಲ್ಲಿ ಪ್ರಮುಖವಾದವು. ಮೂವರೂ ಅಮೆರಿಕದಲ್ಲಿ ನೆಲೆಸಿ ಬರೆದವರಾದ್ದರಿಂದ ಅಲ್ಲಿರುವ ಕನ್ನಡಿಗರಿಗೆ ಇವು ಹೆಚ್ಚು ಅನುಕೂಲ. ಮುದ್ದೆ, ಬಸ್ಸಾರು, ಎಣಗಾಯಿಗಳಿಗೆ ಮಾತ್ರ ಕನ್ನಡ ಪುಸ್ತಕವೇ ಬೇಕು.

ಪಾಶ್ಚಾತ್ಯ ಅಡುಗೆಯಲ್ಲಿ ಆಸಕ್ತಿಯುಳ್ಳವರಿಗೆ ಇಸಾ ಚಂದ್ರ ಮಾಸ್ಕೊವಿಟ್ಜ್ ಮತ್ತು ಟೆರಿ ಹೋಪ್ ರೊಮೆರೊ ಅವರ 'ವೀಗನಾಮಿಕಾನ್' (2007) ವಿಸ್ತಾರವಾದ ಆಕರ. ಮಿಯೊಕೊ ಶಿನರ್ ಅವರ 'ಆರ್ಟಿಸನ್ ವೀಗನ್ ಚೀಸ್' (2012) ಗೋಡಂಬಿ ಮುಂತಾದವುಗಳಿಂದ ಚೀಸ್ ತಯಾರಿಸುವುದನ್ನು ಕಲಿಸುತ್ತದೆ. ಇದು ಎರಡನೆಯ ವರ್ಷಕ್ಕೆ ಸಲ್ಲುವ ಪುಸ್ತಕ, ಮೊದಲ ವಾರಕ್ಕಲ್ಲ.

ಬದಲಿ ಪದಾರ್ಥಗಳ ಬಗ್ಗೆ ಎಚ್ಚರ

ಒಳ್ಳೆಯ ಪುಸ್ತಕ ಬದಲಿ ಪದಾರ್ಥದ ಇತಿಮಿತಿಯನ್ನೂ ಹೇಳುತ್ತದೆ. ಸೋಯಾ ಹಾಲಿನ ಪ್ರೋಟೀನು ಹಸುವಿನ ಹಾಲಿಗೆ ಸಮೀಪ. ಬಾದಾಮಿ ಹಾಲಿನಲ್ಲಿ ಅದು ಬಹಳ ಕಡಿಮೆ. ತೆಂಗಿನ ಹಾಲಿನಲ್ಲಿ ಜಿಡ್ಡೇ ಹೆಚ್ಚು. ಆದ್ದರಿಂದ 'ಹಾಲಿನ ಬದಲು ಯಾವುದಾದರೂ ಸಸ್ಯಹಾಲು' ಎಂಬ ಸೂಚನೆ ರುಚಿಗೆ ಸರಿ, ಪೋಷಣೆಗೆ ಸರಿಯಲ್ಲ. ಮಜ್ಜಿಗೆಯ ಹುಳಿಗೆ ಬದಲಾಗಿ ಹುಣಸೆ, ಪುನರ್ಪುಳಿ, ಅಮಟೆಕಾಯಿ ಬಳಸಬಹುದು. ಆದರೆ ಆಗ ಅದು ಬೇರೆಯೇ ಅಡುಗೆ ಎಂದು ಒಪ್ಪಿಕೊಂಡು ಉಣ್ಣಬೇಕು.

ಪೊಟ್ಟಣದ ಆಹಾರ ಕೊಳ್ಳುವಾಗ ಹಸಿರು ಚುಕ್ಕೆಯನ್ನು ನೆಚ್ಚಬೇಡಿ. ಅದು ಸಸ್ಯಾಹಾರದ ಗುರುತು. ಹಾಲಿನ ಪುಡಿ ಇದ್ದರೂ ಇರುತ್ತದೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2022ರಲ್ಲಿ ವೀಗನ್ ಆಹಾರಕ್ಕೆ ಪ್ರತ್ಯೇಕ ನಿಯಮ ಮತ್ತು ಲಾಂಛನವನ್ನು ಜಾರಿಗೆ ತಂದಿದೆ. ಆ ವರ್ಷಕ್ಕಿಂತ ಹಿಂದಿನ ಪುಸ್ತಕಗಳಲ್ಲಿ ಇದರ ಉಲ್ಲೇಖ ಇರುವುದಿಲ್ಲ.

ಅಡುಗೆ ಮಾಡುವವರು ಯಾರು?

ಯಾವ ಪುಸ್ತಕವೂ ಕೇಳದ, ಆದರೆ ಎಲ್ಲರೂ ಕೇಳಿಕೊಳ್ಳಬೇಕಾದ ಪ್ರಶ್ನೆಯಿದು. ಮನೆಯಲ್ಲಿ ಒಬ್ಬರು ಮಾತ್ರ ಈ ಕ್ರಮವನ್ನು ಕೈಗೊಂಡು, ಒಲೆಯ ಮುಂದೆ ನಿಲ್ಲುವವರು ಬೇರೊಬ್ಬರಾದರೆ, ಎರಡೆರಡು ಅಡುಗೆಯ ಹೊರೆ ಆ ತಾಯಿಯ ಮೇಲೋ ಮಡದಿಯ ಮೇಲೋ ಬೀಳುತ್ತದೆ. ನಿರ್ಧಾರ ಕೈಗೊಂಡವರೇ ಅಡುಗೆ ಕಲಿಯುವುದು ನ್ಯಾಯ. ಅದು ಸಾಧ್ಯವಾಗದಿದ್ದರೆ, ಮನೆಮಂದಿಯೆಲ್ಲ ಒಪ್ಪಿ ಉಣ್ಣುವ ಅಡುಗೆಗಳು ಹೆಚ್ಚಿರುವ, ಅಡುಗೆ ಮಾಡುವವರು ಓದಬಲ್ಲ ಭಾಷೆಯಲ್ಲಿರುವ ಪುಸ್ತಕವನ್ನೇ ಆರಿಸಬೇಕು. ಸಾರು ಪಲ್ಯ ಎಲ್ಲರಿಗೂ ಒಂದೇ ಆಗಿದ್ದು, ಮೊಸರು ತುಪ್ಪಗಳನ್ನು ಬೇಕಾದವರು ತಟ್ಟೆಯಲ್ಲಿ ಬಡಿಸಿಕೊಂಡರೆ ಮನೆಯಲ್ಲಿ ಮನಸ್ತಾಪಕ್ಕೆ ಎಡೆಯಿರದು.

ಒಟ್ಟಿನಲ್ಲಿ

ಮೊದಲ ತಿಂಗಳು ಹೊಸ ಪುಸ್ತಕ ಕೊಳ್ಳದೆ ಮನೆಯ ಪುಸ್ತಕದಲ್ಲಿ ಗುರುತು ಹಾಕಿಕೊಂಡು ಅಡುಗೆ ಮಾಡಿ. ಈ ಅವಧಿಯಲ್ಲೇ ವೈದ್ಯರನ್ನು ಕಂಡು ಬಿ12 ಪರೀಕ್ಷೆ ಮತ್ತು ಮಾತ್ರೆಯ ಬಗ್ಗೆ ವಿಚಾರಿಸಿ. ಎರಡನೆಯ ತಿಂಗಳಲ್ಲಿ ಗ್ರಂಥಾಲಯದಿಂದಲೋ ಸ್ನೇಹಿತರಿಂದಲೋ ಒಂದು ವೀಗನ್ ಪುಸ್ತಕವನ್ನು ಎರವಲು ತಂದು ಅದರಿಂದ ಮೂರು ಅಡುಗೆಗಳನ್ನು ಮಾಡಿ ನೋಡಿ. ಮೂರರಲ್ಲಿ ಎರಡನ್ನಾದರೂ ಮನೆಯವರು ಮತ್ತೊಮ್ಮೆ ಕೇಳಿದರೆ ಆ ಪುಸ್ತಕವನ್ನು ಧಾರಾಳವಾಗಿ ಕೊಳ್ಳಬಹುದು. ಹತ್ತು ಪುಸ್ತಕಗಳನ್ನು ಕಪಾಟಿನಲ್ಲಿ ಇರಿಸುವುದಕ್ಕಿಂತ ಎಣ್ಣೆಯ ಕಲೆ, ಅರಿಸಿನದ ಗುರುತು ಹತ್ತಿದ ಒಂದೇ ಪುಸ್ತಕ ಹೆಚ್ಚು ಪ್ರಯೋಜನಕಾರಿ.