70 ಎಂಎಂ, ರಾಮನಗರ ಮತ್ತು ನಮ್ಮ ಕಾಕಾ

2023ರ ಜುಲೈ ಕೊನೆ. ಮೊಣಕಾಲು ನೋವು ತೋರಿಸಲು ನಮ್ಮ ಕಾಕಾ ಊರಿಂದ ಬೆಂಗಳೂರಿಗೆ ಬಂದಿದ್ದ. ಡಾಕ್ಟರು, ಎಕ್ಸ್‌ರೇ, ಮಾತ್ರೆ ಎಲ್ಲ ಮುಗಿದ ಮೇಲೆ ಒಂದು ಶನಿವಾರ ಅವನನ್ನು ಐಮ್ಯಾಕ್ಸ್ ಥಿಯೇಟರಿಗೆ ಕರ್ಕೊಂಡು ಹೋದೆ. ‘ಓಪನ್‌ಹೈಮರ್’ ನಡೆದಿತ್ತು. ಕಾಕಾಗೆ ಇಂಗ್ಲಿಷ್ ಬರೋದಿಲ್ಲ. ಆದರೆ ಸಂಕೇಶ್ವರದ ಒಂದು ಟಾಕೀಸಿನಲ್ಲಿ ಇಪ್ಪತ್ತೆರಡು ವರ್ಷ ಆಪರೇಟರ್ ಆಗಿದ್ದ ಮನುಷ್ಯ. “ಎಪ್ಪತ್ತು ಎಂಎಂ ಫಿಲ್ಮಿನಾಗ ತಗದಿರೋ ಪಿಚ್ಚರ್” ಅಂದಿದ್ದೇ ತಡ, ಮೊಣಕಾಲು ನೋವು ಮರೆತು ಎದ್ದು ನಿಂತಿದ್ದ.

ದೀಪ ಆರಿದವು. ಎಲ್ಲರೂ ಪರದೆ ನೋಡುತ್ತಿದ್ದರೆ ಕಾಕಾ ಒಬ್ಬನೇ ಹಿಂದಕ್ಕೆ ತಿರುಗಿ ಕೂತಿದ್ದ. ಪ್ರೊಜೆಕ್ಟರ್ ಕಿಂಡಿ ಹುಡುಕುತ್ತಿದ್ದ.

“ರೀಲ್ ತಿರಗೂ ಸಪ್ಪಳನ ಇಲ್ಲಲ್ಲೋ ತಮ್ಮಾ?”

“ರೀಲ್ ಇಲ್ಲ ಕಾಕಾ. ಡಿಜಿಟಲ್. ಹಾರ್ಡ್‌ಡಿಸ್ಕಿನಿಂದ ಬರ್ತದ.”

“ಮತ್ತ ಎಪ್ಪತ್ತ ಎಂಎಂ ಅಂದಿದ್ದೆಲ್ಲ?”

ಮುಂದಿನ ಸಾಲಿನವರು ತಿರುಗಿ ನೋಡಿದರು. ನಾನು ಸುಮ್ಮನಾದೆ. ಆದರೆ ಆ ಪ್ರಶ್ನೆ ಸುಮ್ಮನಾಗಲಿಲ್ಲ. ಕ್ಯಾಮೆರಾದಲ್ಲಿ ದೊಡ್ಡ ಫಿಲ್ಮು ಓಡಿದ್ದು ಖರೆ. ನಾವು ನೋಡಿದ್ದು ಮಾತ್ರ ಫಿಲ್ಮ್ ಅಲ್ಲ. ಹಂಗಾದರೆ ನಾವು ನೋಡಿದ್ದೇನು? ಅವತ್ತಿನಿಂದ ಈ ಇತಿಹಾಸದ ಬೆನ್ನು ಹತ್ತಿದೆ. ಹುಡುಕುತ್ತಾ ಹೋದರೆ ದಾರಿ ಹಾಲಿವುಡ್‌ಗಿಂತ ಹೆಚ್ಚಾಗಿ ನಮ್ಮ ಮನೆ ಸುತ್ತಲೇ ತಿರುಗಿತು.

ಮೊದಲು ಲೆಕ್ಕ ಮುಗಿಸಿಬಿಡೋಣ, ನಾನು ಎಂಜಿನಿಯರ್ ಅಲ್ವಾ. ಮಾಮೂಲಿ ಸಿನಿಮಾ ಫಿಲ್ಮಿನ ಅಗಲ 35 ಮಿಲಿಮೀಟರ್. ‘70 ಎಂಎಂ’ ಅಂತ ನಾವು ಕರೆಯುವ ಸಿನಿಮಾದಲ್ಲಿ ಕ್ಯಾಮೆರಾದೊಳಗಿನ ನೆಗೆಟಿವ್ ನಿಜವಾಗಿ 65 ಎಂಎಂ. ಥಿಯೇಟರಿಗೆ ಬರುವ ಪ್ರಿಂಟಿನಲ್ಲಿ ಮಾತ್ರ 70. ಹೆಚ್ಚುವರಿ 5 ಎಂಎಂ ಅಂಚಿನ ಜಾಗ ಹಿಂದಿನಿಂದಲೂ ಧ್ವನಿಗೆ ಮೀಸಲು. ಈ ದೊಡ್ಡ ನೆಗೆಟಿವ್‌ನ ಒಂದು ಚೌಕಟ್ಟು ಮಾಮೂಲಿ ಚೌಕಟ್ಟಿನ ಸುಮಾರು ಮೂರೂವರೆ ಪಟ್ಟು ದೊಡ್ಡದು. ಐಮ್ಯಾಕ್ಸ್ ಇನ್ನೂ ಮುಂದೆ ಹೋಯಿತು. ಅದೇ ಫಿಲ್ಮನ್ನು ಮೇಲಿಂದ ಕೆಳಕ್ಕೆ ಓಡಿಸುವ ಬದಲು ಅಡ್ಡಲಾಗಿ ಓಡಿಸಿ, ಒಂದೊಂದು ಚೌಕಟ್ಟಿಗೂ 15 ತೂತುಗಳಷ್ಟು ಉದ್ದ ಕೊಟ್ಟಿತು. ಮಾಮೂಲಿ ಚೌಕಟ್ಟಿನ ಒಂಬತ್ತು-ಹತ್ತು ಪಟ್ಟು ಜಾಗ! 1970ರಲ್ಲಿ ಜಪಾನಿನ ಒಸಾಕಾ ಎಕ್ಸ್‌ಪೋದಲ್ಲಿ ಮೊದಲ ಸಲ ಜನ ಇದನ್ನು ನೋಡಿದ್ದು.

ಇಷ್ಟು ಸಿರಿತನಕ್ಕೆ ಬೆಲೆಯೂ ಇದೆ. 1000 ಅಡಿ ಫಿಲ್ಮ್ ಮಾಮೂಲಿ ಕ್ಯಾಮೆರಾದಲ್ಲಿ 11 ನಿಮಿಷ ಬರುತ್ತದೆ. ಐಮ್ಯಾಕ್ಸ್ ಕ್ಯಾಮೆರಾ ಅದನ್ನು ಮೂರೇ ನಿಮಿಷದಲ್ಲಿ ತಿಂದು ಮುಗಿಸುತ್ತದೆ. ಕ್ಯಾಮೆರಾದ್ದೇ ಗದ್ದಲ, ಪಕ್ಕದಲ್ಲಿ ನಿಂತ ನಟ ಪಿಸುಮಾತಾಡಿದರೆ ಕೇಳಿಸೋದಿಲ್ಲ. ‘ಓಪನ್‌ಹೈಮರ್’ ಸಿನಿಮಾದ ಕಪ್ಪು-ಬಿಳುಪು ದೃಶ್ಯಗಳಿಗಂತೂ ಆ ಅಳತೆಯ ಫಿಲ್ಮೇ ಜಗತ್ತಿನಲ್ಲಿ ಇರಲಿಲ್ಲ, ಕೊಡಾಕ್ ಕಂಪನಿ ಹೊಸದಾಗಿ ತಯಾರು ಮಾಡಿ ಕೊಟ್ಟಿತು. ಆ ಸಿನಿಮಾದ ಒಂದು ಐಮ್ಯಾಕ್ಸ್ ಪ್ರಿಂಟಿನ ಉದ್ದ 11 ಮೈಲಿ, ತೂಕ 270 ಕೆಜಿ ಚಿಲ್ಲರೆ. ಸಂಕೇಶ್ವರದಿಂದ ಹುಕ್ಕೇರಿವರೆಗೆ ರಸ್ತೆ ಮೇಲೆ ಹಾಸಿದರೂ ಇನ್ನೂ ಮಿಕ್ಕೀತು. ಇಡೀ ಜಗತ್ತಿನಲ್ಲಿ ಇಂಥ ಪ್ರಿಂಟ್ ಓಡಿದ್ದು ಸುಮಾರು 30 ಥಿಯೇಟರುಗಳಲ್ಲಿ. ಭಾರತದಲ್ಲಿ ಒಂದೂ ಇಲ್ಲ. ಹೈದರಾಬಾದಿನ ಪ್ರಸಾದ್ಸ್‌ನಲ್ಲಿ ಒಂದು ಕಾಲಕ್ಕೆ ಫಿಲ್ಮ್ ಐಮ್ಯಾಕ್ಸ್ ಇತ್ತು, ಈಗ ಅದೂ ಇಲ್ಲ. ಅಂದರೆ ಕಾಕಾ ಹಿಂದಕ್ಕೆ ತಿರುಗಿ ಹುಡುಕಿದ ವಸ್ತು ಈ ದೇಶದಲ್ಲೇ ಇರಲಿಲ್ಲ.

ಇಲ್ಲಿಗೆ ಕತೆ ಮುಗಿದರೆ ಅದು ಬರೀ ಬಡತನದ ಕತೆ. ಆದರೆ ನಮ್ಮ ಭಾಗದ ಸಿನಿಮಾ ಚರಿತ್ರೆ ಶುರುವಾಗಿದ್ದೇ ‘ಇಲ್ಲ’ ಅನ್ನೋ ಪದದಿಂದ.

ನಮ್ಮೂರಿಂದ ಹೈವೇ ಹಿಡಿದು ನಿಪ್ಪಾಣಿ ದಾಟಿದರೆ ಕೊಲ್ಹಾಪುರ. ದವಾಖಾನೆ, ಮದುವೆ ಸೀರೆ, ಟ್ರ್ಯಾಕ್ಟರ್ ಸಾಮಾನು ಎಲ್ಲದಕ್ಕೂ ನಮ್ಮವರು ಅಲ್ಲಿಗೇ ಹೋಗೋದು. ಆ ಊರಿನಲ್ಲಿ ಬಾಬುರಾವ್ ಪೇಂಟರ್ ಅಂತ ಒಬ್ಬ ಕಲಾವಿದರಿದ್ದರು. ಮೊದಲ ಮಹಾಯುದ್ಧದ ಕಾಲ, ಪರದೇಶದಿಂದ ಕ್ಯಾಮೆರಾ ತರಿಸೋದು ಕಷ್ಟ. ಅವರು ಮತ್ತು ಜೊತೆಗಾರರು ಸೇರಿ ಕ್ಯಾಮೆರಾವನ್ನು ತಾವೇ ಕಟ್ಟಿದರು, ಅದೇ ಕ್ಯಾಮೆರಾ ಹಿಡಿದು ಸಿನಿಮಾಕ್ಕೆ ಇಳಿದರು. ಅವರ ‘ಸೈರಂಧ್ರಿ’ ತೆರೆಗೆ ಬಂದಿದ್ದು 1920ರಲ್ಲಿ. ಮುಂದೆ ದೊಡ್ಡ ಹೆಸರು ಮಾಡಿದ ವಿ. ಶಾಂತಾರಾಮ್ ಕೆಲಸ ಕಲಿತದ್ದು ಇವರ ಕಂಪನಿಯಲ್ಲೇ. ಕೊಲ್ಹಾಪುರದಲ್ಲಿ ಕ್ಯಾಮೆರಾದ ನೆನಪಿಗೆ ಒಂದು ಸ್ತಂಭವೇ ಇದೆ. ಕ್ಯಾಮೆರಾಕ್ಕೆ ಸ್ಮಾರಕ ಕಟ್ಟಿದ ಊರುಗಳು ಎಷ್ಟಿದ್ದಾವು ಹೇಳಿ?

ಇನ್ನೊಬ್ಬರು ಮೈಸೂರಿನವರು. ವಿ. ಕೆ. ಮೂರ್ತಿ. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು ಮುಂಬೈಗೆ ಹೋಗಿ ಗುರುದತ್ ಅವರ ಕಣ್ಣಾದವರು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ ‘ಕಾಗಜ್ ಕೆ ಫೂಲ್’ (1959) ಚಿತ್ರೀಕರಿಸಿದ್ದು ಇವರೇ. ಸ್ಟುಡಿಯೋದ ಕತ್ತಲೆಯಲ್ಲಿ ಮೇಲಿಂದ ಬೀಳುವ ಆ ಒಂದು ಬೆಳಕಿನ ಕೋಲು ನೀವೂ ನೋಡಿರ್ತೀರಿ. ಹೊರಗಿನ ಬಿಸಿಲನ್ನೇ ಕನ್ನಡಿಗಳಿಂದ ತಿರುಗಿಸಿ ಒಳಗೆ ತಂದದ್ದು ಅದು. 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಇವರಿಗೆ ಬಂತು. ಆ ಗೌರವ ಪಡೆದ ಮೊದಲ ಛಾಯಾಗ್ರಾಹಕ ಒಬ್ಬ ಕನ್ನಡಿಗ.

ಸಿನಿಮಾಸ್ಕೋಪ್ ಅಂದರೆ ದೊಡ್ಡ ಫಿಲ್ಮ್ ಅಲ್ಲ, ದೊಡ್ಡ ಫಿಲ್ಮಿಲ್ಲದವರು ಹೂಡಿದ ಉಪಾಯ. ವಿಶೇಷ ಲೆನ್ಸ್ ಹಾಕಿ ಅಗಲವಾದ ದೃಶ್ಯವನ್ನು ಅರ್ಧಕ್ಕೆ ಹಿಂಡಿ ಮಾಮೂಲಿ 35 ಎಂಎಂ ಮೇಲೆ ಕೂಡಿಸೋದು. ಥಿಯೇಟರಿನಲ್ಲಿ ಇನ್ನೊಂದು ಲೆನ್ಸ್ ಹಾಕಿ ಮತ್ತೆ ಅಗಲಿಸೋದು. ಇವತ್ತಿನ ನಮ್ಮ ಭಾಷೆಯಲ್ಲಿ ಜಿಪ್ ಮಾಡಿ ಅನ್‌ಜಿಪ್ ಮಾಡಿದ ಹಾಗೆ. ಕನ್ನಡಕ್ಕೆ ಇದು ಬಂದಿದ್ದು 1977ರ ‘ಸೊಸೆ ತಂದ ಸೌಭಾಗ್ಯ’ದಲ್ಲಿ. ನಮ್ಮ ಟಾಕೀಸಿಗೆ ಸ್ಕೋಪ್ ಲೆನ್ಸ್ ಬಂದ ಮೇಲೆ ಅದನ್ನು ಹಾಕೋದು ತೆಗೆಯೋದು ಕಾಕಾನ ಜವಾಬ್ದಾರಿ. ನಾನು ಚಿಕ್ಕವನಿದ್ದಾಗ ಕ್ಯಾಬಿನ್ನಿಗೆ ಹೋಗಿ ಮೂಲೆಯಲ್ಲಿ ಕೂತು ಸುಟ್ಟ ಕಾರ್ಬನ್ ಕಡ್ಡಿ ಆರಿಸುತ್ತಿದ್ದೆ. ಒಂದು ಸಲ ಕಾಕಾ ಲೆನ್ಸ್ ಹಾಕೋದು ಮರೆತು ಹೀರೋ, ಹೀರೋಯಿನ್, ಎತ್ತು, ಎಲ್ಲ ಕಬ್ಬಿನ ಗಣಿಕೆಯ ಹಾಗೆ ಸಣ್ಣಗೆ ಉದ್ದಕ್ಕೆ ಕಂಡವು. ಕೆಳಗೆ ಸೀಟಿಯೋ ಸೀಟಿ!

ಈಗ ರಾಮನಗರಕ್ಕೆ ಬರೋಣ. ನನ್ನ ಮಟ್ಟಿಗೆ ಈ ಕತೆಯ ಗುಂಡಿಗೆ ಇರೋದು ಅಲ್ಲಿ.

1973ರ ಅಕ್ಟೋಬರ್‌ನಲ್ಲಿ ರಮೇಶ್ ಸಿಪ್ಪಿ ತಂಡ ರಾಮನಗರದ ಬಂಡೆಗಳ ನಡುವೆ ‘ಶೋಲೆ’ ಶುರು ಮಾಡಿತು. ಹೈವೇಯಿಂದ ರಸ್ತೆ ಹಾಕಿ, ಒಂದು ಊರನ್ನೇ ಕಟ್ಟಿ. ಪೋಸ್ಟರಿನಲ್ಲಿ 70 ಎಂಎಂ ಅಂತ ಮೆರೆದ ಈ ಸಿನಿಮಾದ ಒಂದು ಚೌಕಟ್ಟನ್ನೂ ದೊಡ್ಡ ಕ್ಯಾಮೆರಾದಲ್ಲಿ ತೆಗೆದಿಲ್ಲ! ಛಾಯಾಗ್ರಾಹಕ ದ್ವಾರಕಾ ದಿವೇಚಾ ಅವರ ಕೈಯಲ್ಲಿದ್ದದ್ದು ಆರಿ 2ಸಿ ಅನ್ನೋ ಮಾಮೂಲಿ 35 ಎಂಎಂ ಕ್ಯಾಮೆರಾ. ಹಾಗಾದರೆ ಏನು ಮಾಡಿದರು? ಕ್ಯಾಮೆರಾದೊಳಗೆ ನೋಡುವ ಗಾಜಿನ ಮೇಲೆ 70 ಎಂಎಂ ಚೌಕಟ್ಟಿನ ಗೆರೆ ಹಾಕಿಕೊಂಡರು. ಆ ಗೆರೆಯೊಳಗೆ ಗಬ್ಬರ್ ಇರಬೇಕು, ಬಂಡೆ ಇರಬೇಕು, ಬಸಂತಿಯ ಟಾಂಗಾ ಇರಬೇಕು. ಗೆರೆಯ ಮೇಲೆ ಕೆಳಗೆ ಇರೋದೆಲ್ಲ ಮುಂದೆ ಕತ್ತರಿಸಿ ಹೋಗುತ್ತದೆ. ನಾನು ಲೆಕ್ಕ ಹಾಕಿದೆ: ಅಗಲ-ಎತ್ತರ 1.37ರ ಅನುಪಾತದಿಂದ 2.2ಕ್ಕೆ ಹೋಗಬೇಕಾದರೆ ಚಿತ್ರದ ಎತ್ತರದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬಿಟ್ಟುಕೊಡಬೇಕು. ಮೊದಲೇ ಸಣ್ಣದಿರೋ ಫಿಲ್ಮಿನಲ್ಲಿ ಇನ್ನೂ ಕಡಿಮೆ ಜಾಗ. ಉಳಿದದ್ದನ್ನು ಲಂಡನ್ನಿನ ಲ್ಯಾಬಿನಲ್ಲಿ ಹಿಗ್ಗಿಸಿ 70 ಎಂಎಂ ಮಾಡಿದರು.

ತಂತ್ರಜ್ಞಾನದ ಲೆಕ್ಕದಲ್ಲಿ ಇದು ಮೋಸವೇ. ನೆಗೆಟಿವ್‌ನಲ್ಲಿ ಇಲ್ಲದ ವಿವರ ಹಿಗ್ಗಿಸಿದರೆ ಹುಟ್ಟೋದಿಲ್ಲ, ಬರೀ ಹರಳು ದಪ್ಪ ಆಗ್ತದೆ. ಆದರೆ ಆ ಸಿನಿಮಾ ಯಾಕೆ ದೊಡ್ಡದಾಗಿ ಕಾಣುತ್ತದೆ? ಸಂಜೆ ದೀಪ ಹಚ್ಚುವ ಜಯಾ, ಕೆಳಗೆ ಮೌತ್ ಆರ್ಗನ್ ನುಡಿಸುವ ಅಮಿತಾಭ್, ಆ ಸಣ್ಣ ದೃಶ್ಯ ನೆನಪಿರಬೇಕು. ಸೂರ್ಯ ಮುಳುಗುವ ಹೊತ್ತಿನ ಆ ಬೆಳಕು ದಿನಕ್ಕೆ ಕೆಲವೇ ನಿಮಿಷ ಸಿಗುತ್ತದೆ. ಅದಕ್ಕಾಗಿ ಸುಮಾರು 20 ದಿನ ಕಾದು ಕಾದು ತೆಗೆದರು. ದೊಡ್ಡತನ ಫಿಲ್ಮಿನ ಅಗಲದಲ್ಲಿರಲಿಲ್ಲ, ಆ ಗೆರೆಗೆ ತೋರಿಸಿದ ನಿಷ್ಠೆಯಲ್ಲಿತ್ತು. ತೆಗೆಯುವಾಗಲೇ ನಿರ್ಧಾರ ಆಗಿತ್ತು, ಆಮೇಲೆ ನೋಡಿಕೊಳ್ಳೋಣ ಅನ್ನೋ ಮಾತಿರಲಿಲ್ಲ.

1975ರ ಆಗಸ್ಟ್ 15ಕ್ಕೆ ಬಿಡುಗಡೆ. ಮುಂಬೈನ ಮಿನರ್ವಾದಲ್ಲಿ ಐದು ವರ್ಷ ಓಡಿತು. ಕಾಕಾ ಇಪ್ಪತ್ತೊಂದನೇ ವಯಸ್ಸಿಗೆ ಕೆಲಸ ಹುಡುಕಿ ಮುಂಬೈಗೆ ಹೋಗಿದ್ದಾಗ ಅಲ್ಲೇ ನೋಡಿದ್ದ. ನಾಣ್ಯ ನೆಲಕ್ಕೆ ಬಿದ್ದ ಸಪ್ಪಳ ಕೇಳಿ ಅಕ್ಕಪಕ್ಕದವರು ಕಾಲಬುಡದಲ್ಲಿ ಹುಡುಕಿದರಂತೆ. ಅದು ಖರೆಯೋ ಸುಳ್ಳೋ, ಕಾಕಾ ಆ ಪಿಚ್ಚರ್ ನೋಡಿಯೇ ಆಪರೇಟರ್ ಆಗೋದು ಅಂತ ತೀರ್ಮಾನಿಸಿ ಊರಿಗೆ ಬಂದದ್ದು ಮಾತ್ರ ಖರೆ.

ಇದಕ್ಕೊಂದು ಬಾಲವೂ ಇದೆ. ‘ಲಾರೆನ್ಸ್ ಆಫ್ ಅರೇಬಿಯಾ’ವನ್ನು (1962) ಅಪ್ಪಟ 65 ಎಂಎಂ ಕ್ಯಾಮೆರಾದಲ್ಲಿ ತೆಗೆದು ಜಗತ್ತಿಗೆ ಮರುಭೂಮಿ ತೋರಿಸಿದ ಡೇವಿಡ್ ಲೀನ್, ‘ಎ ಪ್ಯಾಸೇಜ್ ಟು ಇಂಡಿಯಾ’ಕ್ಕಾಗಿ (1984) ಇದೇ ರಾಮನಗರ, ಸಾವನದುರ್ಗದ ಬಂಡೆಗಳಿಗೆ ಬಂದರು. ತಂದ ಕ್ಯಾಮೆರಾ? 35 ಎಂಎಂ. ನಮ್ಮ ಬಂಡೆಗಳಿಗೆ ದೊಡ್ಡ ಫಿಲ್ಮಿನ ಯೋಗ ಆಗಲೂ ಕೂಡಿ ಬರಲಿಲ್ಲ.

ಇವತ್ತಿಗೆ ಬನ್ನಿ. 2022ರ ‘ಕೆಜಿಎಫ್ ಚಾಪ್ಟರ್ 2’ ಐಮ್ಯಾಕ್ಸ್‌ನಲ್ಲಿ ಬಿಡುಗಡೆಯಾದ ಮೊದಲ ಕನ್ನಡ ಸಿನಿಮಾ. ಅದನ್ನೂ ಐಮ್ಯಾಕ್ಸ್ ಫಿಲ್ಮ್ ಕ್ಯಾಮೆರಾದಲ್ಲಿ ತೆಗೆದಿಲ್ಲ. ಡಿಜಿಟಲ್ಲಾಗಿ ತೆಗೆದು, ಸಾಫ್ಟ್‌ವೇರ್ ಮೂಲಕ ದೊಡ್ಡ ಪರದೆಗೆ ಹೊಂದಿಸಿದ್ದು. ಲಂಡನ್ನಿನ ಲ್ಯಾಬ್ ಮಾಡಿದ ಕೆಲಸ ಈಗ ಅಲ್ಗಾರಿದಮ್ ಮಾಡುತ್ತದೆ. ನಮ್ಮಂಥವರು ಬರೆದ ಕೋಡು. ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ, ಅದು ಶೋಲೆಯ ವಂಶದ್ದೇ. ಹಾಗಂತ ನೋಲನ್ ಥರದವರು ಗದ್ದಲದ, ಭಾರದ ಕ್ಯಾಮೆರಾ ಹೊತ್ತು ತಿರುಗೋದು ಬರೀ ಶೋಕಿ ಅಂತಲೂ ನನಗನಿಸೋದಿಲ್ಲ. ಮೂರೇ ನಿಮಿಷಕ್ಕೆ ಮುಗಿಯುವ ಫಿಲ್ಮ್ ಓಡುತ್ತಿದ್ದರೆ ಸೆಟ್ಟಿನಲ್ಲಿ ಎಲ್ಲರೂ ಮೈಯೆಲ್ಲ ಕಣ್ಣಾಗಿರುತ್ತಾರೆ. ರಾಮನಗರದಲ್ಲಿ ಗಾಜಿನ ಮೇಲಿನ ಗೆರೆ ಮಾಡಿದ ಕೆಲಸವೂ ಅದೇ.

ಆದರೆ ಒಂದು ವಿಷಯದಲ್ಲಿ ನಾವು ಬಡವರೇ. ಇಟ್ಟುಕೊಳ್ಳೋದರಲ್ಲಿ. ಫಿಲ್ಮ್ ಹೆರಿಟೇಜ್ ಫೌಂಡೇಶನ್ ‘ಶೋಲೆ’ಯನ್ನು ಸರಿಪಡಿಸಲು ಕೈ ಹಾಕಿದಾಗ ಮೂಲ ನೆಗೆಟಿವ್ ಹಾಳಾಗಿಹೋಗಿತ್ತು. ‘ವಿನೆಗರ್ ಸಿಂಡ್ರೋಮ್’ ಅಂತಾರೆ. ಅಸಿಟೇಟ್ ಫಿಲ್ಮ್ ಕೊಳೆಯಲು ಶುರುವಾದರೆ ಹುಳಿ ವಾಸನೆ ಹೊಡೆದು, ಮುರುಟಿ, ಸಾಯುತ್ತದೆ. ಐದು ವರ್ಷ ಓಡಿದ ಆ ಸಿನಿಮಾದ 70 ಎಂಎಂ ಪ್ರಿಂಟ್ ಒಂದೂ ಉಳಿದಿರಲಿಲ್ಲ. ಲಂಡನ್ನಿನ ಗೋದಾಮಿನಲ್ಲಿ ಸಿಕ್ಕ ಸಾಮಗ್ರಿಯ ಆಸರೆ ಬೇಕಾಯಿತು. ಕೊನೆಗೆ ಅದೇ 2.2ರ ಚೌಕಟ್ಟಿನಲ್ಲಿ ಮರುಜೀವ ಪಡೆದು 2025ರ ಜೂನ್‌ನಲ್ಲಿ ಇಟಲಿಯ ಬೊಲೋನ್ಯಾದಲ್ಲಿ ತೆರೆ ಕಂಡಿತು.

ಹುಳಿ ವಾಸನೆ ಅಂತ ಓದಿದ ಕ್ಷಣ ನನಗೆ ಥಟ್ಟನೆ ನೆನಪಾಗಿದ್ದು ಕಾಕಾನ ತಗಡಿನ ಡಬ್ಬಿ. ರೀಲು ಹರಿದಾಗ ಕತ್ತರಿಸಿ ತೆಗೆದ ತುಂಡುಗಳನ್ನು ಅವನು ಅದರಲ್ಲಿ ಹಾಕಿಡುತ್ತಿದ್ದ. ಮುಚ್ಚಳ ತೆಗೆದರೆ ಉಪ್ಪಿನಕಾಯಿ ಭರಣಿಯ ವಾಸನೆ. ಚಿಕ್ಕಂದಿನಲ್ಲಿ ಅದೇ ಸಿನಿಮಾದ ವಾಸನೆ ಅಂದುಕೊಂಡಿದ್ದೆ. ಅದು ಸಾಯುವ ವಾಸನೆ ಅಂತ ಆಗ ಗೊತ್ತಿರಲಿಲ್ಲ. 2002ರಲ್ಲಿ ಟಾಕೀಸು ಮುಚ್ಚಿತು, ಈಗ ಅಲ್ಲಿ ಮೆಣಸಿನಕಾಯಿ ಗೋದಾಮು. ಪರದೆ, ಪ್ರೊಜೆಕ್ಟರ್, ಲೆನ್ಸ್ ಎಲ್ಲ ಗುಜರಿಗೆ ಹೋದವು. ಉಳಿದಿದ್ದು ಡಬ್ಬಿಯೊಂದೇ.

ಹೋದ ದೀಪಾವಳಿಗೆ ಊರಿಗೆ ಹೋದಾಗ ಡಬ್ಬಿ ತೆಗೆಸಿದೆ. ಅರ್ಧಕ್ಕರ್ಧ ಅಂಟಿಕೊಂಡು ಮುದ್ದೆಯಾಗಿತ್ತು. ಬಿಡಿಸಲು ಬಂದದ್ದು ಹನ್ನೊಂದು ತುಂಡು. ಬೆಂಗಳೂರಿಗೆ ತಂದು ಸ್ಕ್ಯಾನ್ ಮಾಡಿದೆ. ಒಂದು ತುಂಡಿನಲ್ಲಿ ಸೀರೆ ಸೆರಗು ಹೊದ್ದ ಒಬ್ಬ ಅಜ್ಜಿ, ಮುಖ ಗೆಣಸಿನ ಹಾಗೆ ಉದ್ದಕ್ಕೆ ಹಿಂಡಿಹೋಗಿತ್ತು. ಸ್ಕೋಪ್ ಅಂತ ಹೊಳೆಯಿತು. ಅಗಲವನ್ನು ಎರಡರಿಂದ ಗುಣಿಸೋ ಒಂದು ಸಾಲಿನ ಕೋಡ್ ಬರೆದೆ. ಅಜ್ಜಿ ದುಂಡಗೆ, ನಗುತ್ತಾ ಎದ್ದು ಕೂತಳು. ಹಿಂದೆ ಮನೆ, ಮರ, ಕಟ್ಟಿದ ಎಮ್ಮೆ. ಕಾಕಾನ ಲೆನ್ಸ್ ಮಾಡುತ್ತಿದ್ದ ಕೆಲಸವನ್ನು ಇಷ್ಟು ವರ್ಷದ ಮೇಲೆ ನಾನು ಮಾಡಿದ್ದೆ. ಯಾವ ಸಿನಿಮಾದ್ದು ಅಂತ ಕಾಕಾಗೂ ನೆನಪಿಲ್ಲ.

ವಾಟ್ಸಾಪಿನಲ್ಲಿ ಕಳಿಸಿ ಫೋನ್ ಮಾಡಿದೆ. “ನೋಡಿದಿ ಕಾಕಾ? ಹೆಂಗ ಬಂದೈತಿ?”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಂದ:

“ಚಲೋ ಬಂದೈತಿ ತಮ್ಮಾ. ಆದ್ರ ಭಾಳ ಸಣ್ಣದಾತು. ನೀ ಬಂದಾಗ ಗ್ವಾಡಿ ಮ್ಯಾಲೆ ಬಿಡು, ನೋಡೂಣು.”